ಅಂಗಡಿ ಟಿವಿಗಿ ನ್ಯೂಸ್ ಪ್ಯಾಕ್ ಹಾಕ್ಸಿ ವರ್ಷ ಆಗ್ಲಾಕ ಬಂತು, ಹೆಂಗದ ಅಂತ ಕೇಳವ್ರಿಗಿ

ಕಲಬುರಗಿ ಶಹಾಬಜಾರ್ ಕಡಿ ನಂದೊಂದು ಸಣ್ಣ ಟೇಲರಿಂಗ್ ಅಂಗಡಿ ಅದ. ಮುಂಜಾನಿ ಹತ್ತಕ್ಕ ಷಟರ್ ಎತ್ತಿದ್ರ ರಾತ್ರಿ ಒಂಬತ್ತರ ತನ ಟಿವಿ ನಡದೇ ಇರ್ತದ, ನೋಡ್ಲಾಕಲ್ಲ, ಮಷೀನ್ ಸಪ್ಪಳದಾಗ ಮನಷ್ಯಾರ ದನಿ ಒಂದು ಇರ್ಲಿ ಅಂತ. ಹೋದ ಯುಗಾದಿ ಮುಂದ ಕೇಬಲ್ ಹುಡುಗ ಬಂದು "ಅಣ್ಣಾ, ಅಂಗಡಿಗಿ ಸೀರಿಯಲ್ ಯಾಕ ಬೇಕು, ನ್ಯೂಸ್ ಪ್ಯಾಕ್ ಹಾಕ್ತೀನಿ, ಕನ್ನಡದವು ಎಲ್ಲಾ ಬರ್ತಾವ, ಹಿಂದಿದವೂ ಬರ್ತಾವ, ತಿಂಗಳಿಗಿ ಇನ್ನೂರೈವತ್ತು ಕೊಡ್ರಿ ಸಾಕು" ಅಂದ. ಹಾಕು ಅಂದೆ. ಆಪರೇಟರ್ ಹೆಸರು ಬರೆಯಲ್ಲ, ನಮ್ ಓಣಿಯಾಂವನೇ, ದಿನಾ ಮುಖ ನೋಡ್ಬೇಕು. ಚಾನೆಲ್ ಹೆಸರೂ ಬರೆಯಲ್ಲ, ಒಂದು ಬಿಟ್ಟು ಒಂದು ಎಲ್ಲಾ ಒಂದೇ ಹಂಗ ಅವ, ಯಾರ ಹೆಸರು ಬರೆದ್ರೂ ಉಳಿದವ್ರಿಗಿ ಅನ್ಯಾಯ ಆಗ್ತದ.

ಮೊದ್ಲು ರೊಕ್ಕದ ಮಾತು. 2019ರಾಗ ಟ್ರಾಯ್ (ಟಿವಿ, ಫೋನ್ ಧಂದೆಗಿ ನಿಯಮ ಹಾಕೋ ಕೇಂದ್ರದ ಸಂಸ್ಥೆ) ನಿಯಮ ಬದಲಿ ಮಾಡಿದಾಗ 130 ರೂಪಾಯಿಗಿ 100 ಚಾನೆಲ್ ಅಂತ ಇತ್ತು, ಮ್ಯಾಲ ಜಿಎಸ್‌ಟಿ ಸೇರಿದ್ರ 153 ರೂಪಾಯಿ 40 ಪೈಸೆ, ಮುಂದ ಅದನ್ನೇ 200 ಚಾನೆಲ್ ಮಾಡಿದ್ರು. 2024ರ ಜುಲೈದಾಗ ಆ 130ರ ಮಿತಿನೂ ತಗದುಬಿಟ್ರು, ಈಗ ಇಷ್ಟೇ ತಗೋಬೇಕು ಅನ್ನೋದೇನಿಲ್ಲ. ರೊಕ್ಕ ಕೊಟ್ಟ ರಸೀದಿ ಕೇಳಿದ್ರ ನಮ್ ಹುಡುಗ ಮೊಬೈಲ್ ತೋರಿಸ್ತಾನ, "ಮೆಸೇಜ್ ಬರ್ತದ ಅಣ್ಣಾ" ಅಂತಾನ, ಇವತ್ತಿನ ತನ ಬಂದಿಲ್ಲ. ಇದರಾಗ ತಿಳ್ಕೊಳ್ಳೋದು ಏನಂದ್ರ ನ್ಯೂಸ್ ಚಾನೆಲ್ ಭಾಳಷ್ಟು ಫ್ರೀನೇ ಅವ, ಇಲ್ಲಾ ಚಿಲ್ರಿ ರೊಕ್ಕದವು. ಪ್ಯಾಕ್ ಅಂತ ನಾವು ಕೊಡೋದು ವೈರಿನ ಬಾಡಿಗಿ. ಸುದ್ದಿಗಿ ರೊಕ್ಕ ಕೊಡಾಂವ ಬ್ಯಾರೇನೇ ಅದಾನ, ಬಂಗಾರದ ಅಂಗಡಿ, ಗುಟ್ಕಾ ಕಂಪನಿಯ ಏಲಕ್ಕಿ, ಪ್ಲಾಟ್ ಮಾರವ್ರು. ನಮ್ ಧಂದೆ ಭಾಷ್ಯಾದಾಗ ಹೇಳ್ಬೇಕಂದ್ರ ಹೊಲ್ಸಾಂವ ಅಂವ, ಹೊಲಿಯಾಂವ ಚಾನೆಲ್‌ನಾಂವ, ನಾವು ಬರೇ ಅರಿವಿ.

ಬಾಕ್ಸ್ ಆನ್ ಮಾಡಿದ ಕೂಡ್ಲೇ ನಾನು ಯಾವ ನಂಬರೂ ಒತ್ತಿರಲ್ಲ, ಒಂದು ಚಾನೆಲ್ ತಾನೇ ಬಂದು ಒದರ್ಲಾಕ ಸುರು ಮಾಡ್ತದ. ಹದಿನೈದು ದಿನ ನಾನೇ ಹಿಂದಿನ ರಾತ್ರಿ ಅದನ್ನೇ ಹಚ್ಚಿ ಮಲಗಿನೇನೋ ಅಂದ್ಕೊಂಡಿದ್ದೆ. ಹಂಗಲ್ಲಂತ. ಅದಕ್ಕ ಲ್ಯಾಂಡಿಂಗ್ ಪೇಜ್ ಅಂತಾರ, ಬಾಕ್ಸ್ ಚಾಲು ಆದ್ರ ಮೊದ್ಲು ನಂದೇ ಕಾಣ್ಬೇಕು ಅಂತ ಚಾನೆಲ್ ನೆಟ್‌ವರ್ಕಿಗಿ ರೊಕ್ಕ ಕಟ್ತದ. ನಾವು ರಿಮೋಟ್ ಹುಡುಕೋದ್ರಾಗ ಹೋಗೋ ಒಂದೆರಡು ನಿಮಿಷಕ್ಕೂ ಅಲ್ಲಿ ಕಿಮ್ಮತ್ತು ಅದ ನೋಡ್ರಿ, ನಮ್ ಅಂಗಡ್ಯಾಗ ರಿಮೋಟ್ ಅರಿವಿ ಕೆಳಗ ಸಿಕ್ಕೊಂಡ್ರ ಹತ್ತು ನಿಮಿಷನೂ ಆಗ್ತದ. ಜಾಹಿರಾತು ತಾಸಿಗಿ 12 ನಿಮಿಷಕ್ಕಿಂತ ಜಾಸ್ತಿ ಹಾಕಬಾರ್ದು ಅಂತ ಕೇಬಲ್ ಟಿವಿ ನಿಯಮದಾಗೇ ಅದ. ಒಂದಿನ ನಾನು ಕುಂತು ಲೆಕ್ಕ ಹಾಕ್ದೆ. ಬ್ರೇಕ್ ಸುರು ಆದಾಗ ಶರ್ಟಿನ ಕಾಲರ್ ಕೂಡ್ಸ್ಲಾಕ ಹಿಡಿದೆ, ಕಾಲರ್ ಕೂಡ್ಸಿ ದಾರ ಕತ್ತರಿಸಿ ಒಂದು ಕಫ್ ಮುಗಿಸೋ ಹೊತ್ತಿಗಿ ಆಂಕರ್ ವಾಪಸ್ ಬಂದ, ಬಂದು "ಒಂದು ಸಣ್ಣ ವಿರಾಮದ ಬಳಿಕ" ಅಂದು ಮತ್ತ ಹೋದ. ನಾನೇನು ಭಾಳ ಚುರುಕು ಕೈಯಾಂವ ಅಲ್ಲ, ಹಂಗಂತ ಅಷ್ಟು ಸಾವಕಾಶನೂ ಹೊಲಿಯಲ್ಲ.

ಇನ್ನ ಸುದ್ದಿ. ನಮ್ ಜಿಲ್ಲಾ ಇವ್ರ ಕಣ್ಣಿಗಿ ಬೀಳೋದು ಯಾವಾಗ? ಮೇ ತಿಂಗಳಾಗ ಬಿಸಿಲು ಏರ್ದಾಗ, ಒಬ್ಬಾಂವ ಛತ್ರಿ ಹಿಡ್ಕೊಂಡು ಹೊಂಟಿದ್ದು, ಕಲ್ಲಂಗಡಿ ಅಂಗಡಿ, ಕೆಳಗ "ಬಿಸಿಲ ನಾಡು". ಆಮ್ಯಾಲ ಖರ್ಗೆಯವ್ರು ಊರಿಗಿ ಬಂದಾಗ. ಅದೂ ಅವ್ರು ನಮ್ ಊರಿನ ಬಗ್ಗಿ ಏನರ ಮಾತಾಡಿದ್ರ ಬರಲ್ಲ, ಬೆಂಗಳೂರಾಗ ಸಿಎಂ ಕುರ್ಚಿ ಅಲಗಾಡ್ಲತ್ತದೋ ಇಲ್ಲೋ ಅಂತ ಮೈಕ್ ಹಿಡಿದಾಗ ಏನಂದ್ರು, ಅದೊಂದು ಸಾಲು ದಿನಪೂರ್ತಿ ತಿರುಗ್ತದ. 371ಜೆ (ನಮ್ ಕಲ್ಯಾಣ ಕರ್ನಾಟಕದವ್ರಿಗಿ ನೌಕರಿ ಮೀಸಲು ಕೊಡೋ ಸಂವಿಧಾನದ ಕಲಂ) ನೌಕರಿ ಭರ್ತಿ ಎಷ್ಟಾಯ್ತು, ಎಷ್ಟು ಖಾಲಿ ಅವ, ನಮ್ ಹುಡುಗ್ರು ಸಂಜಿಮುಂದ ಮಾತಾಡೋದೇ ಅದು. ಅದರ ಮ್ಯಾಲ ಒಂದು ತಾಸು ಕೂಡ್ಸಿ ಮಾತಾಡ್ಸಿದ್ದು ಈ ವರ್ಷದಾಗ ನಾನಂತೂ ಕಂಡಿಲ್ಲ.

ಇನ್ನೊಂದು ಸಲ ಪೂರಾ ದೇಶಕ್ಕೇ ಕಂಡಿದ್ವಿ, 2020ರ ಮಾರ್ಚ್‌ದಾಗ. ದೇಶದ ಮೊದಲ ಕೊರೋನಾ ಸಾವು ನಮ್ ಊರಾಗ ಆಯ್ತಲ್ಲ, ಆವಾಗ ಚಾನೆಲ್ಲಿನವ್ರ ಡಿಶ್ ಛತ್ರಿ ಗಾಡಿಗೋಳು ಬಂದು ನಿಂತವು. ಪುಣೆದಾಗ ನಮ್ ಕಾಕಾನ ಮಗ ಇದ್ದ, ಅವನ ಮಾಲಕ ಅವನ್ನ ಖೋಲಿ ಖಾಲಿ ಮಾಡಿಸ್ದ, ಅಂವ ಊರಿಗಿ ಬಂದು ಹೋಗಿ ಆರು ತಿಂಗಳಾಗಿತ್ತು ಅಂತ ಹೇಳಿದ್ರೂ ಕೇಳ್ಲಿಲ್ಲ, "ಟಿವಿದಾಗ ನಿಮ್ಮೂರೇ ತೋರ್ಸ್ಲತ್ತಾರ" ಅಂದ್ನಂತ. ಅದು ಈ ಪ್ಯಾಕಿನ ಹಿಂದಿನ ಮಾತು ಖರೇ, ಆದ್ರೂ ನ್ಯೂಸ್ ಅಂದ್ರ ನನಗ ಮೊದ್ಲು ನೆನಪಾಗೋದು ಅದೇ.

ಹೋದ ದಸರಾದ್ದು ಹೇಳಲೇಬೇಕು. 2025ರ ಸೆಪ್ಟೆಂಬರ್ ಕಡೀಕ ಭೀಮಾ ತುಂಬಿ ಬಂತು, ಮಹಾರಾಷ್ಟ್ರ ಕಡಿಲಿಂದ ನೀರು ಬಿಟ್ಟಾರಂತ, ಇಲ್ಲೂ ಮಳಿ ನಿಲ್ಲವಲ್ದು. ನಮ್ ಅಕ್ಕನ್ನ ಕೊಟ್ಟಿದ್ದು ಜೇವರ್ಗಿ ತಾಲೂಕಾ ಹೊಳಿ ದಂಡಿ ಊರಿಗಿ. ಫೋನ್ ಹತ್ತಲ್ಲ, ನಾನು ಕತ್ತರಿ ಬಿಟ್ಟು ರಿಮೋಟ್ ಹಿಡ್ಕೊಂಡು ಕುಂತೀನಿ, ಚಾನೆಲ್ ತಿರುವಿ ತಿರುವಿ ಬೆರಳು ನೊಯ್ದವು, ಯಾವ ರೋಡ್ ಬಂದ್ ಅದ, ಯಾವ ಊರಾಗ ನೀರು ಹೊಕ್ಕದ, ಗಂಜಿ ಕೇಂದ್ರ ಎಲ್ಲಿ ಅದ, ಇದನ್ನ ಒಬ್ರೂ ಸರಿಯಾಗಿ ಹೇಳವಲ್ರು. ಮುಖ್ಯಮಂತ್ರಿ 30ನೇ ತಾರೀಖಿಗಿ ಹೆಲಿಕಾಪ್ಟರ್‌ದಾಗ ಬಂದು ಮ್ಯಾಲಿಂದ ನೋಡಿ ಹೋದ್ರು, ಅದೊಂದು ಬಂತು, ಬಂದ್ರೂ ಹೆಲಿಕಾಪ್ಟರೇ ಜಾಸ್ತಿ ಕಾಣ್ತು. ವಾರ ಕಳೀತು. ಹೊಲದಾಗ ತೊಗರಿ ನೀರಾಗ ನಿಂತು ಬೇರು ಕೊಳೀಲತ್ತಿತ್ತು, ಅಕ್ಟೋಬರ್ 7ಕ್ಕ ಬಿಡದಿ ಕಡಿ ಬಿಗ್ ಬಾಸ್ ಮನಿಗಿ ಬೀಗ ಹಾಕಿದ್ರು, ಮಾಲಿನ್ಯ ಮಂಡಳಿ ಆರ್ಡರ್ ಮ್ಯಾಲ. ಯಪ್ಪಾ ಆವತ್ತು! ಗೇಟಿನ ಮುಂದ ಒಬ್ಬ, ರಿಸಾರ್ಟಿನ ಮುಂದ ಒಬ್ಬ, ಒಳಗಿದ್ದವ್ರು ಯಾವ ಬಸ್ಸಿನ್ಯಾಗ ಹೋದ್ರು, ಊಟ ಆಯ್ತೋ ಇಲ್ಲೋ, ಡಿಸಿಎಂ ಏನಂದ್ರು, ನಿಮಿಷ ನಿಮಿಷಕ್ಕ ಅಪ್‌ಡೇಟ್. ನಮ್ ಅಕ್ಕನ ಊರಿನ ಮಂದಿ ಸಾಲಿ ಕಟ್ಟಡದಾಗ ಮಲಗಿದ್ದು ಯಾರಿಗೂ ಬೇಕಾಗಿರ್ಲಿಲ್ಲ.

ಇಲ್ಲಿ ಒಂದು ಖರೇ ಮಾತು ಹೇಳ್ತೀನಿ, ಆವತ್ತು ರಾತ್ರಿ ನಾನೂ ಮನ್ಯಾಗ ಹೆಂಡ್ತಿ ಮಕ್ಕಳ ಜೋಡಿ ಹನ್ನೊಂದರ ತನ ಅದನ್ನೇ ನೋಡ್ದೆ. ಅಂಗಡಿಗಿ ಬರೋ ಗಿರಾಕಿನೂ ಮರುದಿನ ಅದನ್ನೇ ಮಾತಾಡಿದ್ರು. ಅವ್ರು ತೋರಿಸ್ತಾರ, ನಾವು ನೋಡ್ತೀವಿ, ಯಾರಿಗಿ ಬೈಯೋದು ಹೇಳ್ರಿ.

ಸಂಜಿ ಚರ್ಚಾ ಕಾರ್ಯಕ್ರಮ ಬಗ್ಗಿ ಎರಡೇ ಮಾತು: ನಾಕು ಮಂದಿ ಕೂಡೇ ಒದರ್ತಾರ, ಒಬ್ಬರದ್ದೂ ತಿಳಿಯಲ್ಲ, ಮ್ಯೂಟ್ ಮಾಡಿದ್ರ ಕೈ ನೋಡಿ ಯಾರು ಯಾವ ಪಾರ್ಟಿ ಅಂತ ಹೇಳಬಹುದು. ನಮ್ಮಲ್ಲಿ ಕಾಜಾ ಹೊಲಿಯೋ ಹುಡುಗ ಹಂಗೇ ಪಂದ್ಯ ಕಟ್ಟಿ ಚಾ ಗೆಲ್ತಾನ.

ಈಗ ಈ ಪ್ಯಾಕಿನ್ಯಾಗ ನನಗ ಖುಷಿ ಕೊಟ್ಟಿದ್ದು ಯಾವುದು ಅಂದ್ರ ಪ್ಯಾಕಿಗಿ ಸಂಬಂಧನೇ ಇಲ್ಲದ ಒಂದು ಚಾನೆಲ್, ನಮ್ ಕೇಬಲ್ಲಿನಾಂವನೇ ನಡೆಸೋ ಲೋಕಲ್. ಪಿಕ್ಚರ್ ಮಸುಕು, ದನಿ ಒಮ್ಮೆ ದೊಡ್ಡದು ಒಮ್ಮೆ ಸಣ್ಣದು, ಹಳೀ ಪಿಚ್ಚರ್ ಹಚ್ಚಿ ಬಿಟ್ಟಿರ್ತಾನ, ಆದ್ರ ಕೆಳಗ ಪಟ್ಟಿ ಓಡ್ತದ ನೋಡ್ರಿ, ಅದಕ್ಕ ನಾನು ರೊಕ್ಕ ಕೊಡ್ತೀನಿ. ಯಾವ ಓಣಿಗಿ ನಾಳಿ ನೀರು, ಯಾವ ಫೀಡರ್ ಲೈಟ್ ಬಂದ್, ಶರಣಬಸವೇಶ್ವರ ಗುಡ್ಯಾಗ ಪ್ರವಚನ ಎಷ್ಟಕ್ಕ, ಯಾರು ತೀರ್ಕೊಂಡ್ರು ಮಣ್ಣು ಎಷ್ಟೊತ್ತಿಗಿ, ಗಂಜ್ ಮಾರ್ಕೆಟ್ಟಿನ್ಯಾಗ ಇವತ್ತು ತೊಗರಿ ಏನ್ ರೇಟ್ ಹೋಯ್ತು. ಕೇಂದ್ರದವ್ರು 2025-26ಕ್ಕ ತೊಗರಿಗಿ ಕ್ವಿಂಟಲ್‌ಗಿ 8,000 ಬೆಂಬಲ ಬೆಲೆ ಅಂದಿದ್ರು, ಆಳಂದ ಕಡಿಲಿಂದ ಮಾಲ್ ತಂದ ರೈತರು ಗಂಜ್‌ಗಿ ಹೋಗೋ ಮುಂಚೆ ನಮ್ ಅಂಗಡಿ ಬಾಗಿಲದಾಗ ನಿಂತು ಆ ಪಟ್ಟಿ ಓದಿ ಹೋಗ್ತಾರ. ಬರೆಯೋ ಹುಡುಗ ಒತ್ತು ದೀರ್ಘ ಎಲ್ಲಾ ತಪ್ಪು ಹಾಕ್ತಾನ, ಒಮ್ಮೆ "ಶ್ರದ್ಧಾಂಜಲಿ" ಪಟ್ಟಿನ್ಯಾಗ ಬದುಕಿದ್ದವ್ರ ಹುಟ್ಟುಹಬ್ಬದ ಫೋಟೋ ಹಾಕಿದ್ದ, ಅವ್ರೇ ಸ್ಕೂಟರ್ ಹತ್ತಿ ಆಫೀಸಿಗಿ ಬಂದಿದ್ರಂತ.

ಕೊರತಿ ಇಲ್ಲಂತಲ್ಲ. ಓಣಿ ಲೀಡರ್ ರಿಬ್ಬನ್ ಕತ್ತರಿಸಿದ್ದು ದಿನಕ್ಕ ಮೂರು ಸಲ ಬರ್ತದ, ಅದೇ ಲೀಡರ್ ಮಾಡ್ಸಿದ ಗಟಾರ ಒಡೆದಿದ್ದು ಒಂದು ಸಲನೂ ಬರಲ್ಲ. ಕಂಬಕ್ಕ ವೈರ್ ಕಟ್ಲಾಕ ಪರ್ಮಿಷನ್ ಬೇಕಲ್ಲ, ಕೇಬಲ್ಲಿನಾಂವ ಅದನ್ನ ಹೆಂಗ ಹಾಕ್ತಾನ. ದೊಡ್ಡ ಚಾನೆಲ್‌ಗೂ ಇವನಿಗೂ ಫರಕ್ ಇಷ್ಟೇ, ಇವನ ಕಂಬ ನನಗ ಕಾಣ್ತದ.

ಚಂದನ ಬಗ್ಗಿ ಒಬ್ಬ ಕಾಕಾ ಅಂಗಡಿಗಿ ಬಂದಾಗೆಲ್ಲಾ ಜಗಳ ತೆಗಿತಾರ, "ಮಾಸ್ತರಾ, ಏಳಕ್ಕ ಚಂದನ ವಾರ್ತೆ ಹಚ್ಚು, ಸಾವಕಾಶ ಓದ್ತಾರ, ಕಿವಿಗಿ ತ್ರಾಸ ಇಲ್ಲ". ಅವ್ರದ್ದು ಒಂದು ಹೆಮ್ಮೆ ಅದ. 1975ರಾಗ ಅಮೆರಿಕಾದ ಎಟಿಎಸ್-6 ಉಪಗ್ರಹದ ಮ್ಯಾಲಿಂದ ಹಳ್ಳಿಗಿ ಟಿವಿ ತೋರಿಸೋ ಸೈಟ್ ಯೋಜನೆ ಬಂತಲ್ಲ, ಕರ್ನಾಟಕದಾಗ ಅದು ಸಿಕ್ಕಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲಾಕ್ಕ. ಬೆಂಗಳೂರಿಗಿ ದೂರದರ್ಶನ ಬಂದಿದ್ದು 1981ಕ್ಕ. "ಬೆಂಗಳೂರವ್ರು ಡಬ್ಬಿ ನೋಡೋಕಿಂತ ಮೊದ್ಲು ನಾವು ಪಂಚಾಯ್ತಿ ಕಟ್ಟಿ ಮ್ಯಾಲ ಕುಂತು ಬೇಸಾಯದ ಪಾಠ ನೋಡೀವಿ" ಅಂತಾರ ಕಾಕಾ. ಒಂದೇ ವರ್ಷ ಇತ್ತು, 1976ರ ಜುಲೈಕ್ಕ ಮುಗೀತು. ಆವಾಗ ಟಿವಿ ನಮಗ ಬೀಜ ಗೊಬ್ಬರ ಹೇಳ್ತಿತ್ತು ಅನ್ನೋದು ಈಗ ಗಂಜ್ ರೇಟ್ ಓದ್ಲಾಕ ನಿಂತವ್ರಿಗಿ ಹೇಳಿದ್ರ ನಗ್ತಾರ.

ಮಾರ್ಕ್ಸ್ ಕೊಡ್ಬೇಕಂದ್ರ ಪ್ಯಾಕಿಗಿ ಐದಕ್ಕ ಎರಡು, ಸರ್ವಿಸ್‌ಗಿ ಮೂರು, ಯಾಕಂದ್ರ ಗಾಳಿ ಮಳಿಗಿ ವೈರ್ ಹರಿದ್ರ ಹುಡುಗ ಅವತ್ತೇ ಬಂದು ಏಣಿ ಹಾಕ್ತಾನ. ಲೋಕಲ್ ಪಟ್ಟಿಗಿ ನಾಕೂವರೆ, ಅರ್ಧ ಕಡಿದಿದ್ದು ಗಟಾರದ ಸಲುವಾಗಿ. ಮನಿಗಿ ಹಾಕ್ಸವ್ರು ಸುಮ್ಕ ಪ್ಯಾಕ್ ಗೀಕ್ ಅನ್ನಬ್ಯಾಡ್ರಿ, ಬರೇ ಫ್ರೀ ಚಾನೆಲ್ ಹಾಕು ಅನ್ರಿ, ನ್ಯೂಸ್ ಅದರಾಗೇ ಸಾಕಷ್ಟು ಬರ್ತಾವ, ಬ್ಯಾಡ ಅಂದ್ರೂ ಬರ್ತಾವ.

ಇಷ್ಟು ಬರಿಯೋದ್ರಾಗ ಹುಡುಗ ಈ ತಿಂಗಳ ರೊಕ್ಕಕ್ಕ ಬಂದು ನಿಂತಾನ. "ಐವತ್ತು ಜಾಸ್ತಿ ಆಗ್ಯದ ಅಣ್ಣಾ, ಎರಡು ಹೊಸ ನ್ಯೂಸ್ ಚಾನೆಲ್ ಬಂದಾವ" ಅಂತ. ಅವೆರಡೂ ತಗದು ಹಳೀ ರೇಟ್ ಮಾಡು ಅಂದೀನಿ, ಸಿಸ್ಟಮ್‌ದಾಗ ಬರಲ್ಲ ಅಂತ ತಲಿ ಕೆರ್ಕೊಳ್ಳತ್ತಾನ.