ಎಂಜಿನ್‌ಗೆ ಪೂರ್ಣ ಅಂಕ, ಟ್ಯಾಂಕಿನ ಮುಚ್ಚಳಕ್ಕಲ್ಲ: ನೈಟ್ರೋ ಬಗ್ಗಿಯೊಂದರ ದೀರ್ಘಕಾಲದ ಬಳಕೆಯ ವಿಮರ್ಶೆ

ನೈಟ್ರೋ ಇಂಧನದಿಂದ ಓಡುವ, ರಿಮೋಟಿನಿಂದ ನಡೆಸುವ ಈ ಪುಟ್ಟ ರೇಸಿಂಗ್ ಗಾಡಿಯನ್ನು ಕೊಳ್ಳಬೇಕೆಂದಿರುವವರು ಅದರ ವಿವರಪಟ್ಟಿಯನ್ನು ಈಗಾಗಲೇ ಓದಿರುತ್ತಾರೆ. ನಿಜವಾದ ಗಾಡಿಯ 1/8 ಅಳತೆ, 3.5 ಸಿಸಿ ಎಂಜಿನ್, ನಾಲ್ಕೂ ಚಕ್ರಗಳಿಗೆ ಚಾಲನೆ, 125 ಸಿಸಿ ಟ್ಯಾಂಕು ಎಂಬ ವಿಷಯಗಳಲ್ಲಿ ಇದಕ್ಕೂ ಇದೇ ವರ್ಗದ ಬೇರೆ ರೇಸಿಂಗ್ ಗಾಡಿಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬಿಡಿಭಾಗಗಳಾಗಿ ಬಂದ ಕಿಟ್ಟನ್ನು ನಾನೇ ಜೋಡಿಸಿ, ಹಲವು ಋತುಗಳಿಂದ ಬಿಡುವಿನ ದಿನಗಳಲ್ಲಿ ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುತ್ತಾ, ಪ್ರತಿ ಸಲವೂ ಬಿಚ್ಚಿ ಶುಚಿಗೊಳಿಸುತ್ತಾ ಬಂದಿದ್ದೇನೆ. ಷಾಸಿ, ಡಿಫರೆನ್ಷಿಯಲ್ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಜೋಡಣೆ) ಮತ್ತು ಶಾಕ್‌ಗಳು ಕೊಟ್ಟ ಹಣಕ್ಕೆ ಮೀರಿದ ಗುಣಮಟ್ಟದವು. ಎಂಜಿನ್ ಬಾಳಿಕೆ ಬರುವಂಥದ್ದು. ಆದರೆ ಟ್ಯಾಂಕಿನ ಮುಚ್ಚಳವೆಂಬ ಒಂದು ಸಣ್ಣ ಭಾಗದಲ್ಲಿ ತಯಾರಕರು ತೋರಿದ ಅಸಡ್ಡೆ ಇವೆಲ್ಲದರ ಸವಿಯನ್ನು ಬಹುಕಾಲ ಕೆಡಿಸಿತು, ಮತ್ತು ಆ ಬೇಸರವೇ ಈ ವಿಮರ್ಶೆಯನ್ನು ಬರೆಸುತ್ತಿದೆ.

ಮೊದಲು ಜೋಡಣೆಯ ಮಾತು. ಸ್ಕ್ರೂಗಳು ಹಂತಕ್ಕೊಂದು ಚೀಲದಂತೆ ವಿಂಗಡಣೆಯಾಗಿ ಬಂದಿದ್ದವು, ಸಸ್ಪೆನ್ಷನ್ ತೋಳುಗಳು ಅರ ಮುಟ್ಟಿಸುವ ಅಗತ್ಯವಿಲ್ಲದೆ ತಮ್ಮ ಭಾರಕ್ಕೆ ತಾವೇ ಇಳಿಯುವಷ್ಟು ಸರಾಗವಾಗಿದ್ದವು. ಎಂಜಿನ್ನಿನ ನಡುಕ ಎಂಥ ಬಿಗಿಯನ್ನೂ ಸಡಿಲಿಸುತ್ತದೆಯಾದ್ದರಿಂದ, ಲೋಹದೊಳಗೆ ಕೂರುವ ಪ್ರತಿಯೊಂದು ಸ್ಕ್ರೂವಿಗೂ ನೀಲಿ ಥ್ರೆಡ್‌ಲಾಕ್ ಅಂಟನ್ನು ಹಚ್ಚಲೇಬೇಕು. ಮೂರು ಡಿಫರೆನ್ಷಿಯಲ್‌ಗಳಲ್ಲಿ ಮುಂದಿನದಕ್ಕೆ 5000, ನಡುವಿನದಕ್ಕೆ 7000, ಹಿಂದಿನದಕ್ಕೆ 3000 ಸಿಎಸ್‌ಟಿಯ (ಎಣ್ಣೆಯ ಮಂದತೆಯ ಅಳತೆ) ಸಿಲಿಕೋನ್ ಎಣ್ಣೆಯನ್ನು ಹಾಕಿದ್ದೇನೆ. ಇಷ್ಟು ಮಂದವಾದ ಎಣ್ಣೆಯನ್ನು ಸುರಿದ ಕೂಡಲೇ ಮುಚ್ಚಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಗೇರುಗಳನ್ನು ಕೈಯಿಂದ ತಿರುಗಿಸಿ, ಗುಳ್ಳೆಗಳೆಲ್ಲ ಮೇಲೆ ಬಂದು ಒಡೆಯುವವರೆಗೆ ಕಾದು, ತಗ್ಗಿದಷ್ಟನ್ನು ಮತ್ತೆ ತುಂಬಿ ಮುಚ್ಚಬೇಕು. ನಡುವಿನ ಡಿಫರೆನ್ಷಿಯಲ್ಲಿನ ಎಣ್ಣೆ ತೀರಾ ತೆಳುವಾದರೆ, ವೇಗ ಹೆಚ್ಚಿಸಿದಾಗ ಭಾರ ಕಳೆದುಕೊಂಡ ಮುಂದಿನ ಚಕ್ರಗಳು ಸುಮ್ಮನೆ ಸುತ್ತುತ್ತವೆ ಮತ್ತು ಹಿಂದಿನ ಚಕ್ರಗಳಿಗೆ ತಲುಪಬೇಕಾದ ಬಲ ವ್ಯರ್ಥವಾಗುತ್ತದೆ. ಕ್ಲಚ್ ಬೆಲ್ (ಎಂಜಿನ್ನಿನ ಕಡೆಯ ಚಿಕ್ಕ ಗೇರಿರುವ ಭಾಗ) ಮತ್ತು ದೊಡ್ಡ ಗೇರಿನ ನಡುವಿನ ಅಂತರವನ್ನು ಹೊಂದಿಸಲು ಎರಡರ ಹಲ್ಲುಗಳ ಮಧ್ಯೆ ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ, ಎಂಜಿನ್ ಮೌಂಟಿನ ಸ್ಕ್ರೂಗಳನ್ನು ಬಿಗಿದು, ಆಮೇಲೆ ಗೇರನ್ನು ಉರುಳಿಸಿ ಪಟ್ಟಿಯನ್ನು ಹೊರತೆಗೆಯುತ್ತೇನೆ. ಅದು ನೆರಿಗೆ ಬಿದ್ದು ಬರಬೇಕು, ಹರಿದು ಬರಬಾರದು. ಈ ಕೆಲಸಗಳಿಗೆ ನೀಡಿದ ಸಮಯ ಇಂದಿಗೂ ಫಲ ಕೊಡುತ್ತಿದೆ. ಮೊದಲು ಹಾಕಿದ ದೊಡ್ಡ ಗೇರೇ ಈಗಲೂ ಗಾಡಿಯಲ್ಲಿದೆ.

ಎಂಜಿನ್ ಎಬಿಸಿ ಮಾದರಿಯದು, ಅಂದರೆ ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಲೇಪವಿರುವ ಹಿತ್ತಾಳೆಯ ತೋಳು (ಸ್ಲೀವ್, ಪಿಸ್ಟನ್ ಓಡಾಡುವ ಕೊಳವೆ). ತೋಳಿನ ಮೇಲ್ತುದಿ ಕೊಂಚ ಕಿರಿದಾಗಿರುವುದರಿಂದ ತಣ್ಣಗಿರುವಾಗ ಪಿಸ್ಟನ್ ಅಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಕಾದು ಹಿಗ್ಗಿದ ಮೇಲೆಯೇ ಎರಡರ ನಡುವೆ ಸರಿಯಾದ ಅಂತರ ಏರ್ಪಡುತ್ತದೆ. ಹೊಸ ಎಂಜಿನ್ನನ್ನು ತಣ್ಣಗಿರುವಾಗಲೇ ಬಲವಂತವಾಗಿ ತಿರುಗಿಸಿದರೆ ಆ ಬಿಗಿಯೇ ಸವೆದುಹೋಗುತ್ತದೆ. ಆದ್ದರಿಂದ ಹೀಟ್ ಗನ್ನಿನಿಂದ ತಲೆಭಾಗವನ್ನು ಸುಮಾರು 90 ಡಿಗ್ರಿಗೆ ಕಾಯಿಸಿ, ಅನಂತರವೇ ಸ್ಟಾರ್ಟರ್ ಪೆಟ್ಟಿಗೆಯ ಮೇಲಿಟ್ಟು ಚಾಲೂ ಮಾಡಿ, ಇಂಧನ ಧಾರಾಳವಾಗಿ ಹರಿಯುವಂತೆ ರಿಚ್ ಆಗಿಟ್ಟು, ಕೆಲವು ಟ್ಯಾಂಕು ಇಂಧನ ಮುಗಿಯುವವರೆಗೆ ನಿಧಾನವಾಗಿ ಓಡಿಸಿ, ನಡುನಡುವೆ ಪಿಸ್ಟನ್ನನ್ನು ಕೆಳತುದಿಗೆ ತಂದು ತಣಿಯಲು ಬಿಟ್ಟೆ. ಈ ಎಂಜಿನ್ ಈ ಆರೈಕೆಗೆ ಚೆನ್ನಾಗಿಯೇ ಸ್ಪಂದಿಸಿತು.

ತೊಂದರೆ ಶುರುವಾದದ್ದು ಹದ ಮಾಡುವ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಹೊಂದಿಸುವ, ಹಂತದಲ್ಲಿ. ಟ್ಯಾಂಕಿನ ಮೊದಲರ್ಧದಲ್ಲಿ ಎಂಜಿನ್ ಬಯಸಿದಂತೆಯೇ ಓಡುತ್ತಿತ್ತು. ನೇರ ದಾರಿಯಲ್ಲಿ ಪೂರ್ತಿ ವೇಗದಲ್ಲಿದ್ದಾಗಲೂ ಹಿಂದೆ ತೆಳುವಾದ ಹೊಗೆಯ ಗೆರೆ ಕಾಣುತ್ತಿತ್ತು, ತಲೆಯ ಬಿಸಿ 110 ಡಿಗ್ರಿಯ ಆಸುಪಾಸಿನಲ್ಲಿರುತ್ತಿತ್ತು, ಥ್ರಾಟಲ್ ಬಿಟ್ಟ ಕೂಡಲೇ ಸದ್ದು ಇಳಿದು ಐಡಲ್‌ಗೆ, ಅಂದರೆ ನಿಂತಲ್ಲೇ ನಿಧಾನವಾಗಿ ಓಡುವ ಸ್ಥಿತಿಗೆ, ಬರುತ್ತಿತ್ತು. ಇಂಧನ ಅರ್ಧಕ್ಕಿಂತ ಕೆಳಗಿಳಿದ ಮೇಲೆ ಸದ್ದು ಚೂಪಾಗುತ್ತಿತ್ತು, ಹೊಗೆ ಕಾಣೆಯಾಗುತ್ತಿತ್ತು, ಥ್ರಾಟಲ್ ಬಿಟ್ಟರೂ ಐಡಲ್ ವೇಗ ಏರಿದಲ್ಲೇ ನಿಂತು ತಡವಾಗಿ ಇಳಿಯುತ್ತಿತ್ತು, ಬಿಸಿ 130 ಡಿಗ್ರಿ ದಾಟುತ್ತಿತ್ತು. ಇವೆಲ್ಲ ಮಿಶ್ರಣ ಲೀನ್, ಅಂದರೆ ಇಂಧನ ಸಾಲದಂತೆ, ಆಗಿರುವುದರ ಸ್ಪಷ್ಟ ಲಕ್ಷಣಗಳು. ಅದನ್ನು ಸರಿಪಡಿಸಲು ಹೆಚ್ಚು ವೇಗದಲ್ಲಿ ಇಂಧನದ ಹರಿವನ್ನು ನಿಯಂತ್ರಿಸುವ ಹೈ ಸ್ಪೀಡ್ ನೀಡಲನ್ನು ತೆರೆದರೆ, ಮುಂದಿನ ಸಲ ತುಂಬಿದ ಟ್ಯಾಂಕಿನಲ್ಲಿ ಎಂಜಿನ್ ಮುಗ್ಗರಿಸಿ, ತಿರುವಿನಿಂದ ಹೊರಬರುವಾಗ ಏದುಸಿರು ಬಿಡುತ್ತಿತ್ತು. ಒಂದೇ ಟ್ಯಾಂಕಿಗೆ ಎರಡು ಹದ ಬೇಕಾಗುವಂಥ ಎಂಜಿನ್ನನ್ನು ಯಾರೂ ಹೊಂದಿಸಲಾರರು.

ಇಂಥ ಲಕ್ಷಣ ಕಂಡಾಗ ಎಲ್ಲರ ಗಮನವೂ ಮೊದಲು ಹೋಗುವುದು ಗಾಳಿ ಸೋರುವ ಜಾಗಗಳ ಕಡೆಗೆ: ಕಾರ್ಬ್ಯುರೇಟರಿನ ಬುಡದ ಓ ರಿಂಗ್ (ಸೋರದಂತೆ ತಡೆಯುವ ಉಂಗುರ), ಹಿಂಬದಿಯ ತಟ್ಟೆಯ ಓ ರಿಂಗ್, ಮುಂದಿನ ಬೇರಿಂಗ್. ಮೂರನ್ನೂ ಪರೀಕ್ಷಿಸಿ, ಮೊದಲಿನ ಎರಡನ್ನು ಬದಲಿಸಿದ ಮೇಲೂ ಹಾವಳಿ ನಿಲ್ಲಲಿಲ್ಲ. ಕೊನೆಗೆ ಕಾರಣವನ್ನು ತೋರಿಸಿಕೊಟ್ಟದ್ದು ಧೂಳು. ಓಟ ಮುಗಿದ ಮೇಲೆ ಗಾಡಿಯ ಮೈಮೇಲೆಲ್ಲ ಒಣ ಮಣ್ಣು ಕುಳಿತಿರುತ್ತದೆ; ಆದರೆ ಟ್ಯಾಂಕಿನ ಮುಚ್ಚಳ ತೆರೆದುಕೊಳ್ಳುವ ಕೀಲಿನ (ಹಿಂಜ್) ಎದುರಿನ ಅಂಚಿನಿಂದ ಕೆಳಗೆ, ಬೆರಳಗಲದ ಒಂದು ಪಟ್ಟಿಯಲ್ಲಿ ಮಾತ್ರ ಮಣ್ಣು ಎಣ್ಣೆಯಲ್ಲಿ ನೆನೆದು ಕಪ್ಪಗೆ ಅಂಟಿಕೊಂಡಿತ್ತು. ಮುಚ್ಚಳವನ್ನು ಎತ್ತಿ ಅದರ ತಳದ ಓ ರಿಂಗನ್ನು ಬೆಳಕಿಗೆ ಹಿಡಿದು ನೋಡಿದರೆ, ಕೀಲಿನ ಕಡೆ ಟ್ಯಾಂಕಿನ ಬಾಯಿ ಒತ್ತಿದ ಗುರುತು ಆಳವಾಗಿ ಬಿದ್ದಿತ್ತು, ಎದುರಿನ ಕಡೆ ಅದು ಮಾಸಿ ಮಾಸಿ ಕೊನೆಗೆ ಇಲ್ಲವೇ ಇಲ್ಲ ಎನ್ನುವಂತಿತ್ತು. ಮುಚ್ಚಳ ಒಂದು ಬದಿಯಲ್ಲಿ ಮೊದಲು ತಾಗಿ ನಿಲ್ಲುತ್ತಿದ್ದುದರಿಂದ ಇನ್ನೊಂದು ಬದಿ ಎಂದೂ ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ.

ಇದು ಯಾಕೆ ಇಷ್ಟು ದೊಡ್ಡ ವಿಷಯವೆಂದು ಹೊಸಬರಿಗೆ ಅನ್ನಿಸಬಹುದು. ಈ ಗಾಡಿಗಳಲ್ಲಿ ಇಂಧನವನ್ನು ತಳ್ಳುವ ಪಂಪು ಇರುವುದಿಲ್ಲ. ಸೈಲೆನ್ಸರ್ ಪೈಪಿನಿಂದ ಒಂದು ಸಿಲಿಕೋನ್ ಕೊಳವೆ ಟ್ಯಾಂಕಿನ ಮೇಲ್ಭಾಗಕ್ಕೆ ಬಂದು, ಹೊರಹೋಗುವ ಅನಿಲದ ಒತ್ತಡವನ್ನು ಒಳಗೆ ತರುತ್ತದೆ. ಆ ಒತ್ತಡವೇ ಇಂಧನವನ್ನು ಕಾರ್ಬ್ಯುರೇಟರಿಗೆ ನೂಕುತ್ತದೆ. ಮುಚ್ಚಳ ಸೋರಿದರೆ, ಗ್ಯಾಸ್ಕೆಟ್ ಸಡಿಲವಾದ ಕುಕ್ಕರಿನಂತೆ, ಒಳಗೆ ಒತ್ತಡ ನಿಲ್ಲುವುದಿಲ್ಲ. ಟ್ಯಾಂಕು ತುಂಬಿರುವಾಗ ಇಂಧನದ ಮಟ್ಟವೇ ಆ ಕೊರತೆಯನ್ನು ಸ್ವಲ್ಪ ತುಂಬಿಕೊಡುತ್ತದೆ, ಮಟ್ಟ ಇಳಿದಂತೆ ಹರಿವು ಕುಗ್ಗುತ್ತದೆ. ಎರಡು ಸ್ಟ್ರೋಕಿನ ಈ ಎಂಜಿನ್ನಿಗೆ ಬೇರೆ ಎಣ್ಣೆ ಎಂಬುದೇ ಇಲ್ಲ. ಮೆಥನಾಲ್ ಮತ್ತು ನೈಟ್ರೋಮೀಥೇನ್ ಜೊತೆಗೆ ಬೆರೆತಿರುವ ಎಣ್ಣೆಯೇ ಪಿಸ್ಟನ್ನನ್ನೂ ಕನೆಕ್ಟಿಂಗ್ ರಾಡನ್ನೂ ಕಾಯಬೇಕು. ಇಂಧನ ಕಡಿಮೆಯಾಯಿತೆಂದರೆ ಎಣ್ಣೆಯೂ ಕಡಿಮೆಯಾಯಿತು ಎಂದೇ ಅರ್ಥ. ಈ ಅವಧಿಯಲ್ಲಿ ನಾನು ಬಿಚ್ಚಿದ, ಇಂಧನವನ್ನು ಹೊತ್ತಿಸುವ ಗ್ಲೋ ಪ್ಲಗ್‌ಗಳ ತಂತಿ ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿ ಸುರುಳಿ ವಕ್ರವಾಗಿರುತ್ತಿತ್ತು. ಗಾಡಿಯ ಅತಿ ದುಬಾರಿ ಭಾಗವಾದ ಎಂಜಿನ್ನಿನ ಆಯುಷ್ಯವನ್ನು, ಇಡೀ ಕಿಟ್ಟಿನ ಅತಿ ಅಗ್ಗದ ಭಾಗಗಳಲ್ಲೊಂದು ಕಬಳಿಸುತ್ತಿತ್ತು ಎಂಬುದು ನನಗೆ ಇಂದಿಗೂ ಸಿಟ್ಟು ತರಿಸುವ ವಿಷಯ. ಬದಲಿಯಾಗಿ ತರಿಸಿದ ಮುಚ್ಚಳವೂ ಅದೇ ರೀತಿ ಓರೆಯಾಗಿ ಕುಳಿತುಕೊಂಡಿತು.

ಪರೀಕ್ಷಿಸುವ ಬಗೆ ಸುಲಭ. ಟ್ಯಾಂಕನ್ನು ಕಳಚಿ ಚೆನ್ನಾಗಿ ತೊಳೆದು, ಒಂದು ನಳಿಕೆಯನ್ನು ಬಂದ್ ಮಾಡಿ, ಇನ್ನೊಂದಕ್ಕೆ ಕೊಳವೆ ಸಿಕ್ಕಿಸಿ, ನೀರಿನಲ್ಲಿ ಮುಳುಗಿಸಿ ಸಿರಿಂಜಿನಿಂದ ಮೆಲ್ಲನೆ ಗಾಳಿ ತುಂಬಬೇಕು. ನನ್ನದರಲ್ಲಿ ಮುಚ್ಚಳದ ಮುಂದಿನ ಅಂಚಿನಿಂದ ಗುಳ್ಳೆಗಳು ಸಾಲಾಗಿ ಎದ್ದವು. ಕೀಲಿನ ಪಿನ್ನು ಕೂರುವ ತೂತನ್ನು ಸಣ್ಣ ಅರದಿಂದ ತುಸು ಉದ್ದವಾಗಿಸಿದ್ದರಿಂದ ಮುಚ್ಚಳಕ್ಕೆ ಸಮನಾಗಿ ಕೂರುವಷ್ಟು ಸಡಿಲ ಸಿಕ್ಕಿತು. ಜೊತೆಗೆ ಕೊಂಚ ದಪ್ಪನೆಯ ಸಿಲಿಕೋನ್ ರಿಂಗನ್ನು ಹಾಕಿದೆ. ಮತ್ತೆ ನೀರಿನಲ್ಲಿ ಮುಳುಗಿಸಿದಾಗ ಒಂದು ಗುಳ್ಳೆಯೂ ಬರಲಿಲ್ಲ. ಅಂದಿನಿಂದ ಟ್ಯಾಂಕಿನ ಮೊದಲ ಸುತ್ತಿಗೂ ಕೊನೆಯ ಸುತ್ತಿಗೂ ಎಂಜಿನ್ನಿನ ಸದ್ದಿನಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ.

ಆ ಮೇಲೆ ಈ ಗಾಡಿಯ ಮೇಲೆ ನನಗೆ ಹುಟ್ಟಿದ ಅಕ್ಕರೆಯನ್ನು ಮುಚ್ಚಿಡಲಾರೆ. ಹದ ನಿಲ್ಲತೊಡಗಿದ ಮೇಲೆಯೇ ಹದ ಮಾಡುವುದರ ಸೊಗಸು ತಿಳಿಯಿತು. ಬೆಳಗಿನ ತಂಪು ಗಾಳಿ ಸಾಂದ್ರವಾಗಿರುವುದರಿಂದ ಅದರಲ್ಲಿ ಆಮ್ಲಜನಕ ಹೆಚ್ಚು, ಹಾಗಾಗಿ ಇಂಧನವೂ ಹೆಚ್ಚು ಬೇಕು. ಬಿಸಿಲೇರಿದಂತೆ ನೀಡಲನ್ನು ಸ್ವಲ್ಪ ಮುಚ್ಚಬೇಕಾಗುತ್ತದೆ. ಒಮ್ಮೆಗೆ ಒಂದು ಸುತ್ತಿನ ಹನ್ನೆರಡನೇ ಒಂದು ಭಾಗಕ್ಕಿಂತ ಹೆಚ್ಚು ತಿರುಗಿಸುವುದಿಲ್ಲ, ತಿರುಗಿಸಿದ ಮೇಲೆ ಎರಡು ಮೂರು ಸುತ್ತು ಓಡಿಸದೆ ತೀರ್ಮಾನಕ್ಕೆ ಬರುವುದಿಲ್ಲ. ಕಡಿಮೆ ವೇಗದಲ್ಲಿ ಇಂಧನ ನಿಯಂತ್ರಿಸುವ ಲೋ ಸ್ಪೀಡ್ ನೀಡಲನ್ನು ಪರೀಕ್ಷಿಸಲು, ಎಂಜಿನ್ ಚೆನ್ನಾಗಿ ಕಾದಿರುವಾಗ ಐಡಲ್‌ನಲ್ಲಿಟ್ಟು ಇಂಧನದ ಕೊಳವೆಯನ್ನು ಕಾರ್ಬ್ಯುರೇಟರಿನ ಹತ್ತಿರ ಬೆರಳುಗಳಿಂದ ಹಿಸುಕುತ್ತೇನೆ. ಸದ್ದು ಎರಡು ಮೂರು ಸೆಕೆಂಡುಗಳಲ್ಲಿ ಕೊಂಚ ಏರಿ ನಿಂತುಹೋದರೆ ಸರಿ. ಬಹಳ ಹೊತ್ತು ಎಳೆದರೆ ರಿಚ್, ಏರದೆಯೇ ತಟ್ಟನೆ ನಿಂತರೆ ಲೀನ್. ಥರ್ಮಾಮೀಟರ್ ಹೇಳುವುದನ್ನು ನಾನು ಈ ಸದ್ದು ಮತ್ತು ಹೊಗೆಯ ಸಾಕ್ಷಿಗೆ ತಾಳೆ ನೋಡಲು ಮಾತ್ರ ಬಳಸುತ್ತೇನೆ.

ಓಟದ ನಂತರದ ಕೆಲಸಗಳು ನನಗೆ ಓಟದಷ್ಟೇ ಪ್ರಿಯವಾಗಿವೆ. ಟ್ಯಾಂಕನ್ನು ಖಾಲಿ ಮಾಡಿ, ಎಂಜಿನ್ನಿನೊಳಗೆ ಉಳಿದ ಇಂಧನ ಸುಟ್ಟು ತಾನಾಗಿ ನಿಲ್ಲುವಂತೆ ಬಿಡುತ್ತೇನೆ. ಮೆಥನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವುದರಿಂದ, ಒಳಗೆ ಉಳಿದರೆ ಬೇರಿಂಗುಗಳಿಗೆ ತುಕ್ಕು ತರುತ್ತದೆ. ಪ್ಲಗ್ ತೆಗೆದು, ಆಫ್ಟರ್ ರನ್ ಎಣ್ಣೆಯ ಕೆಲವು ಹನಿಗಳನ್ನು ಪ್ಲಗ್ಗಿನ ತೂತಿಗೂ ಕಾರ್ಬ್ಯುರೇಟರಿಗೂ ಬಿಟ್ಟು, ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಕೆಲವು ಕ್ಷಣ ತಿರುಗಿಸಿ, ಪಿಸ್ಟನ್ನನ್ನು ಕೆಳಗೆ ನಿಲ್ಲಿಸುತ್ತೇನೆ. ಏರ್ ಫಿಲ್ಟರಿನ ಸ್ಪಂಜನ್ನು ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಸಣ್ಣ ಪ್ಲಾಸ್ಟಿಕ್ ಚೀಲದೊಳಗಿಟ್ಟು ಫಿಲ್ಟರ್ ಎಣ್ಣೆ ಹಾಕಿ, ಬಣ್ಣ ಎಲ್ಲೆಡೆ ಒಂದೇ ಸಮನಾಗುವವರೆಗೆ ಹಿಸುಕುತ್ತೇನೆ. ಎಲ್ಲಿ ಬಿಳಿಚಿಕೊಂಡಿರುತ್ತದೋ ಅಲ್ಲಿಂದ ಧೂಳು ಒಳಗೆ ಹೋಗುತ್ತದೆ, ಒಳಹೋದ ಧೂಳು ತೋಳಿನ ಕ್ರೋಮನ್ನು ಉಜ್ಜಿ ತೆಗೆಯುತ್ತದೆ. ಕ್ಲಚ್ ಬೆಲ್ಲಿನ ಬೇರಿಂಗುಗಳನ್ನೂ ಆಗಲೇ ಬೆರಳಿನಿಂದ ತಿರುಗಿಸಿ ನೋಡುತ್ತೇನೆ. ಗರಗರ ಎಂದರೆ ಮರುಮಾತಿಲ್ಲದೆ ಹೊಸದು. ಈ ಎಲ್ಲ ಕೆಲಸಗಳಿಗೂ ಗಾಡಿ ಸಹಕರಿಸುವ ರೀತಿ ಮೆಚ್ಚುವಂಥದ್ದು: ಡಿಫರೆನ್ಷಿಯಲ್‌ಗಳನ್ನು ಕೆಲವೇ ಸ್ಕ್ರೂ ಬಿಚ್ಚಿ ಹೊರತೆಗೆಯಬಹುದು, ಎಂಜಿನ್ ಮೌಂಟಿನ ಸಮೇತ ಎದ್ದು ಬರುತ್ತದೆ, ಹಾಗಾಗಿ ಗೇರುಗಳ ಅಂತರವನ್ನು ಪ್ರತಿ ಸಲ ಹೊಸದಾಗಿ ಹೊಂದಿಸಬೇಕಾಗಿಲ್ಲ.

ಖರ್ಚಿನ ವಿಷಯದಲ್ಲಿ ನಾನು ಲೆಕ್ಕಾಚಾರದ ಮನುಷ್ಯ, ಸ್ಪರ್ಧೆಗಳಲ್ಲಿ ಗೆಲ್ಲಲೇಬೇಕೆಂಬ ಹಟವಿಲ್ಲ. 30 ಶೇಕಡಾ ನೈಟ್ರೋ ಇರುವ ಇಂಧನಕ್ಕೆ ಬದಲಾಗಿ 16 ಶೇಕಡಾದ್ದನ್ನೇ ಬಳಸುತ್ತೇನೆ; ಶಕ್ತಿ ಕೊಂಚ ಕಡಿಮೆಯಾದರೂ ನನ್ನ ಓಟಕ್ಕೆ ಅದು ಧಾರಾಳ. ಒಂದು ಟ್ಯಾಂಕು ಎಂಟು ಹತ್ತು ನಿಮಿಷಗಳಲ್ಲಿ ಮುಗಿಯುವ ಈ ಗಾಡಿಯಲ್ಲಿ, ಕೊಂಡ ಬೆಲೆಗಿಂತ ಇಂಧನ, ಪ್ಲಗ್, ಟೈರುಗಳ ಖರ್ಚೇ ದೊಡ್ಡದಾಗಿ ಬೆಳೆಯುತ್ತದೆ. ಬ್ಯಾಟರಿ ಸಿಕ್ಕಿಸಿ ತಕ್ಷಣ ಓಡಿಸಬೇಕೆನ್ನುವವರಿಗೆ ವಿದ್ಯುತ್ ಬಗ್ಗಿಯೇ ಸರಿಯಾದ ಆಯ್ಕೆ, ಅದರಲ್ಲಿ ಸಂದೇಹವಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇಂಧನವನ್ನು ಬೀಗದೊಳಗಿಡಿ. ಮೆಥನಾಲ್ ವಿಷಕಾರಿ, ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ.

ನನ್ನ ತೀರ್ಪಿನಲ್ಲಿ ಷಾಸಿಗೆ ಮತ್ತು ಎಂಜಿನ್ನಿಗೆ ಪೂರ್ಣ ಅಂಕ, ಟ್ಯಾಂಕಿಗೆ ಅನುತ್ತೀರ್ಣ. ಕೊಳ್ಳುವವರು ಮೊದಲ ದಿನವೇ, ಟ್ಯಾಂಕನ್ನು ಷಾಸಿಗೆ ಬಿಗಿಯುವ ಮೊದಲೇ, ನೀರಿನ ಪರೀಕ್ಷೆಯನ್ನು ಮಾಡಿಕೊಳ್ಳಲಿ. ನನ್ನ ಎಂಜಿನ್ನಿನ ಮೇಲ್ತುದಿಯ ಬಿಗಿ ಈಗ ಕಡಿಮೆಯಾಗುತ್ತಾ ಬಂದಿದೆ, ಕಾದಿರುವಾಗ ಐಡಲ್‌ನಲ್ಲಿ ನಿಲ್ಲಲು ಒಮ್ಮೊಮ್ಮೆ ತಡವರಿಸುತ್ತದೆ. ಮುಂದಿನ ಋತುವಿಗೆ ಮುಂಚೆ ಕನೆಕ್ಟಿಂಗ್ ರಾಡನ್ನೂ ಪಿಸ್ಟನ್ ಮತ್ತು ತೋಳಿನ ಜೋಡಿಯನ್ನೂ ಬದಲಿಸಿ, ಇದೇ ಷಾಸಿಯ ಮೇಲೆ ಮುಂದುವರಿಯುತ್ತೇನೆ.