ಬಂದರಿನ ಇಫ್ತಾರ್ ಸಂತೆ: ನೋಂಬಿನ ಹೊಟ್ಟೆಗೆ ಕೊಳ್ಳುವುದೇನು, ಬಿಡುವುದೇನು

ರಂಜಾನ್ ಬಂತೆಂದರೆ ಮಂಗಳೂರಿನ ಬಂದರ್, ಕುದ್ರೋಳಿ, ಸ್ಟೇಟ್‌ಬ್ಯಾಂಕ್ ಸುತ್ತಿನ ಗಲ್ಲಿಗಳಲ್ಲಿ ಇಳಿಹೊತ್ತಿನ ಅಸರ್ ನಮಾಜು ಮುಗಿಯುವ ಹೊತ್ತಿಗೆ, ನೋಂಬು (ಉಪವಾಸ) ಬಿಡುವ ಇಫ್ತಾರ್‌ಗೆಂದು ಮೇಜುಗಳು ರಸ್ತೆಗೆ ಇಳಿಯುತ್ತವೆ. ಖರ್ಜೂರದ ಪೆಟ್ಟಿಗೆ, ಕೊಯ್ದಿಟ್ಟ ಕಲ್ಲಂಗಡಿ, ಎಣ್ಣೆ ಬಾಣಲೆ, ಕೆಂಪು-ಹಸಿರು ಶರಬತ್ತು, ಒಂದೆರಡು ಕಡೆ ಗಂಜಿಯ ಪಾತ್ರೆ. ಹಗಲಿಡೀ ಹಸಿದಿದ್ದ ದೇಹ ಸಂಪಾದಿಸಿದ್ದನ್ನು ಇಲ್ಲಿನ ತಿನಿಸು ಉಳಿಸುತ್ತದೋ, ಕಳೆಯುತ್ತದೋ ಎಂಬ ಒಂದೇ ತಕ್ಕಡಿಯಲ್ಲಿ ಈ ಸಂತೆಯನ್ನು ತೂಗಿದ್ದೇವೆ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಖರ್ಜೂರಕ್ಕೂ ಗಂಜಿಗೂ ಇಲ್ಲಿಗೆ ಬರಬೇಕು. ಶರಬತ್ತಿಗೆ ಅರ್ಧ ಅಂಕ. ಐದೂವರೆಯ ಮೇಲೆ ಬಾಣಲೆಯ ಕಡೆ ತಲೆಹಾಕಬೇಡಿ.

ಸಂಪಾದನೆ ಅಂದರೆ ಏನೆಂದು ಎರಡು ಮಾತು. ಫೆಬ್ರವರಿ-ಮಾರ್ಚ್‌ನಲ್ಲಿ ಬರುವ ರಂಜಾನ್‌ಗೆ ಮಂಗಳೂರಿನಲ್ಲಿ ನಸುಕಿನ ಸುಬಹಿ ನಮಾಜಿನಿಂದ ಸೂರ್ಯ ಮುಳುಗಿದಾಗಿನ ಮಗ್ರಿಬ್‌ವರೆಗೆ ಸುಮಾರು 13 ಗಂಟೆ. ಯಕೃತ್ತಿನಲ್ಲಿ ದಾಸ್ತಾನಿರುವ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ಹೆಚ್ಚೆಂದರೆ 100 ಗ್ರಾಂನಷ್ಟು. ನಸುಕಿಗೆ ಮುಂಚಿನ ಸಹರಿಯ ಊಟ ಕರಗಿದ ಮೇಲೆ ದೇಹ ಅದನ್ನು ಬಳಸುತ್ತದೆ, ಅದು ಇಳಿಯುತ್ತಾ ಬಂದ ಹಾಗೆ ಕೊಬ್ಬಿಗೆ ಕೈಹಾಕುತ್ತದೆ. ಅಂದರೆ ಲಾಭದ ಹೊತ್ತು ಮಧ್ಯಾಹ್ನದ ಮೇಲಿನದು. ತಿಂಗಳ ಕೊನೆಗೆ ತೂಕ ಸರಾಸರಿ ಒಂದು ಕೆ.ಜಿ. ಆಸುಪಾಸು ಇಳಿಯುವುದೂ, ಹಬ್ಬದ ನಂತರದ ಕೆಲವೇ ವಾರಗಳಲ್ಲಿ ಬಹುತೇಕ ವಾಪಸಾಗುವುದೂ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಇಳಿಯದೇ ಏರಿಸಿಕೊಳ್ಳುವವರೂ ಇದ್ದಾರೆ. ಅವರ ಲೆಕ್ಕ ತಪ್ಪುವುದು ಮಗ್ರಿಬ್‌ನ ಬಾಂಗ್ (ನಮಾಜಿನ ಕರೆ) ಆದ ನಂತರದ ಅರ್ಧ ಗಂಟೆಯಲ್ಲಿ. ಉಪವಾಸಕ್ಕೆ ನೊಬೆಲ್ ಬಂದಿದೆ ಎಂಬ ವಾಟ್ಸ್ಆ್ಯಪ್ ಸಂದೇಶವನ್ನು ಮಾತ್ರ ಯಾರಿಗೂ ಕಳಿಸಬೇಡಿ. 2016ರಲ್ಲಿ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ ಬಹುಮಾನ ಬಂದದ್ದು ಜೀವಕೋಶ ತನ್ನದೇ ಹಳೆಯ ಭಾಗಗಳನ್ನು ಅರಗಿಸಿಕೊಳ್ಳುವ ಆಟೋಫಜಿ ಎಂಬ ಕ್ರಿಯೆಯನ್ನು ಯೀಸ್ಟ್‌ನಲ್ಲಿ ಬಿಡಿಸಿ ತೋರಿಸಿದ್ದಕ್ಕೆ. ರಂಜಾನ್ ಉಪವಾಸಕ್ಕೂ ಆ ಬಹುಮಾನಕ್ಕೂ ಸಂಬಂಧವಿಲ್ಲ.

ಇನ್ನು ಖರ್ಜೂರ. ಸಂತೆಯ ಪೂರ್ತಿ ಅಂಕ ಇದಕ್ಕೇ. 100 ಗ್ರಾಂ ಖರ್ಜೂರದಲ್ಲಿ ಸುಮಾರು 280 ಕ್ಯಾಲರಿ, 65 ಗ್ರಾಂ ಮೇಲ್ಪಟ್ಟು ಸಕ್ಕರೆ, 6ರಿಂದ 7 ಗ್ರಾಂ ನಾರು, ಸಾಕಷ್ಟು ಪೊಟ್ಯಾಸಿಯಮ್. ಹೆಚ್ಚಿನ ಮೆತ್ತನೆಯ ಜಾತಿಗಳಲ್ಲಿ ಸಕ್ಕರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ರೂಪದಲ್ಲೇ ಇರುವುದರಿಂದ ಒಡೆದು ಅರಗಿಸುವ ಕೆಲಸವಿಲ್ಲ, ರಕ್ತಕ್ಕೆ ಬೇಗ ಸೇರುತ್ತದೆ. ನಾರು ಜೊತೆಗಿರುವುದರಿಂದ ಶರಬತ್ತಿನ ಹಾಗೆ ಒಮ್ಮೆಲೇ ನುಗ್ಗುವುದಿಲ್ಲ.

ಗಿರಾಕಿಗಳು ಎಡವುವುದು ಲೆಕ್ಕದಲ್ಲಿ. ಬೆಸಸಂಖ್ಯೆಯ ರೂಢಿಯಂತೆ ಮೂರು ತಿನ್ನುತ್ತಾರೆ, ಯಾವ ಖರ್ಜೂರದ ಮೂರು ಎಂದು ನೋಡುವುದಿಲ್ಲ. ಅಜ್ವಾ ಚಿಕ್ಕದು. ಬೀಜ ತೆಗೆದರೆ ಉಳಿಯುವ ತಿರುಳು 6-7 ಗ್ರಾಂ, ಮೂರು ಸೇರಿದರೆ ಸುಮಾರು 15 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್). ಮೆಜೂಲ್ ಒಂದೇ 24 ಗ್ರಾಂ ತೂಗುತ್ತದೆ, ಒಂದರಲ್ಲೇ 18 ಗ್ರಾಂ ಶರ್ಕರಪಿಷ್ಟ. ಮೂರು ಮೆಜೂಲ್ ಅಂದರೆ 54 ಗ್ರಾಂ, 200 ಕ್ಯಾಲರಿ. ಸಕ್ಕರೆ ಕಾಯಿಲೆಯವರಿಗೆ ಅದು ಖರ್ಜೂರದ ವೇಷ ಹಾಕಿದ ಒಂದು ಊಟ. ಮೆಜೂಲ್ ಪೆಟ್ಟಿಗೆ ಉಡುಗೊರೆಯಾಗಿ ಬಂದಿದ್ದರೆ ಒಂದಕ್ಕೆ ನಿಲ್ಲಿಸಿ. ಮೂರೇ ಬೇಕೆಂದರೆ ಒಂದನ್ನು ಕೊಯ್ದು ಮೂರು ತುಂಡು ಮಾಡಿ.

ಜಾತಿಗಳಲ್ಲಿ ಇಲ್ಲಿ ಹೆಚ್ಚು ಖರ್ಚಾಗುವುದು ಕಿಮಿಯಾ ಎಂದೇ ಹೆಸರಾದ ಇರಾನಿನ ಕಪ್ಪು ಖರ್ಜೂರ. ಜಾತಿಯ ಹೆಸರು ಮಝಾಫತಿ, ಊರು ಕೆರ್ಮಾನ್ ಪ್ರಾಂತ್ಯದ ಬಾಮ್. ಬೆಣ್ಣೆಯಂತೆ ಕರಗುತ್ತದೆ, ಒಣಗಿದ ಬಾಯಿಗೆ ಇದಕ್ಕಿಂತ ಹಿತವಾದದ್ದಿಲ್ಲ. ಆದರೆ ನೀರಿನಂಶ ಹೆಚ್ಚು. ಕರಾವಳಿಯ ಸೆಖೆಯಲ್ಲಿ ಪೆಟ್ಟಿಗೆಯನ್ನು ಮೇಜಿನ ಮೇಲೆ ನಾಲ್ಕು ದಿನ ಇಟ್ಟರೆ ಹುಳಿಯುತ್ತದೆ. ಮುಚ್ಚಳ ತೆಗೆದ ಕೂಡಲೇ ಕಳ್ಳಿನ ವಾಸನೆ ಬಡಿದರೆ, ಸಿಪ್ಪೆ ಉಬ್ಬಿ ಗುಳ್ಳೆ ಕಂಡರೆ ವಾಪಸು ಕೊಡಿ. ಶೀತಲಪೆಟ್ಟಿಗೆಯಿಂದ ತೆಗೆದುಕೊಡುವ ಅಂಗಡಿಯಲ್ಲಿ ಕೊಳ್ಳಿ, ಬಿಸಿಲಿಗೆ ಜೋಡಿಸಿಟ್ಟ ಗೋಪುರದಿಂದ ಬೇಡ. ಮನೆಗೆ ತಂದ ಮೇಲೂ ಫ್ರಿಜ್‌ನಲ್ಲೇ ಇರಬೇಕು. ಇಫ್ತಾರ್‌ಗೆ ಇಪ್ಪತ್ತು ನಿಮಿಷ ಮೊದಲು ಹೊರಗಿಟ್ಟರೆ ಸಾಕು.

ಅಜ್ವಾ ಮದೀನಾದ್ದು: ಗುಂಡಗೆ, ಕಪ್ಪಗೆ, ಸಿಪ್ಪೆಯಲ್ಲಿ ಸಣ್ಣ ಸುಕ್ಕು, ಸಿಹಿ ಹದ. ಅದೇ ಸೀಮೆಯ ಸಫಾವಿಯೂ ಕಪ್ಪೇ, ಆದರೆ ಉದ್ದ. ಬೆಲೆಯಲ್ಲಿ ಅಜ್ವಾಗಿಂತ ಬಹಳ ಕೆಳಗೆ. ಬಿಡಿಯಾಗಿ ಕೊಳ್ಳುವಾಗ ಈ ಎರಡು ಒಂದೇ ರಾಶಿಯಲ್ಲಿ ಬೆರೆತಿರುವ ಸಾಧ್ಯತೆ ಇದ್ದೇ ಇದೆ. ಹತ್ತು ಕಾಯಿ ಅಂಗೈಯಲ್ಲಿ ಹರಡಿ ನೋಡಿ, ಉದ್ದದ್ದು ತಾನೇ ಎದ್ದು ಕಾಣುತ್ತದೆ. ಹಾಗೆಂದು ಸಫಾವಿ ಕೀಳಲ್ಲ. ಆರೋಗ್ಯದ ಲೆಕ್ಕಕ್ಕೆ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಸಫಾವಿಯ ದುಡ್ಡಿಗೆ ಸಫಾವಿ ಕೊಂಡರೆ ಒಳ್ಳೆಯ ವ್ಯಾಪಾರ. ಸೌದಿಯ ಕಸೀಮ್ ಕಡೆಯ ಸುಕ್ಕರಿಗೆ ಸಕ್ಕರೆ ಎಂಬುದೇ ಹೆಸರು; ಬಂಗಾರದ ಬಣ್ಣ, ಬಾಯಿಗಿಟ್ಟರೆ ಮಿಠಾಯಿ. ಮಧುಮೇಹಿಗಳು ದೂರವಿಟ್ಟರೆ ಒಳ್ಳೆಯದು. ಇರಾಕಿನ ಝಾಹಿದಿ ಎಲ್ಲಕ್ಕಿಂತ ಅಗ್ಗ, ಅರೆ ಒಣಗಿದ್ದು, ತಿಂಗಳಿಡೀ ಡಬ್ಬದಲ್ಲಿ ಕೆಡದೆ ನಿಲ್ಲುತ್ತದೆ. ದೊಡ್ಡ ಕುಟುಂಬಕ್ಕೆ, ಮಸೀದಿಯ ಇಫ್ತಾರ್‌ಗೆ ನಮ್ಮ ಶಿಫಾರಸು ಇದೇ. ಗಟ್ಟಿ ಅನಿಸಿದರೆ ಮಧ್ಯಾಹ್ನವೇ ನೀರಲ್ಲಿ ನೆನೆಹಾಕಿ.

ಲೈಟಿನ ಕೆಳಗೆ ಮಿರಮಿರ ಹೊಳೆಯುವ ಬಿಡಿ ಖರ್ಜೂರವನ್ನು ನಂಬಬೇಡಿ. ಸಕ್ಕರೆ ಪಾಕ ಸವರಿದ್ದರೆ ಬೆರಳು ಸಿಪ್ಪೆಗೆ ಅಂಟುತ್ತದೆ. ಒಳ್ಳೆಯ ಹಣ್ಣಿನಲ್ಲಿ ಅಂಟು ಇರುವುದು ತಿರುಳಿನಲ್ಲಿ, ಸಿಪ್ಪೆಯ ಮೇಲಲ್ಲ. ಸಿಪ್ಪೆಯ ಕೆಳಗೆ ಬಿಳಿ ಹರಳು ಕಂಡರೆ ಸಕ್ಕರೆ ಹೆಪ್ಪುಗಟ್ಟಿದ್ದು, ತೊಂದರೆಯಿಲ್ಲ. ಹತ್ತಿಯಂತೆ ಮೆತ್ತಗೆ ಬಿಳಿ-ಬೂದು ಕಂಡರೆ ಬೂಷ್ಟು, ಇಡೀ ಪೆಟ್ಟಿಗೆ ಬಿಡಿ. ಬಾಂಗ್ ಕೇಳಿದ ಅವಸರದಲ್ಲಿ ಇಡಿಯಾಗಿ ಬಾಯಿಗೆ ಹಾಕಿಕೊಳ್ಳುವುದು ಬೇಡ. ಸೀಳಿ ನೋಡಿ, ಬೀಜದ ಸುತ್ತ ಕಪ್ಪು ಪುಡಿಯಿದ್ದರೆ ಒಳಗೆ ಹುಳುವೋ ಬೂಷ್ಟೋ ಮನೆ ಮಾಡಿತ್ತು ಎಂದರ್ಥ.

ಗಂಜಿಗೆ ಬರೋಣ. ಕರಾವಳಿಯ ಬ್ಯಾರಿ ಮುಸ್ಲಿಮರ ಮನೆಗಳ ಮೆಂತೆ ಗಂಜಿ, ಜೀರಿಗೆ ಗಂಜಿಯ ಮುಂದೆ ಯಾವ ಎನರ್ಜಿ ಡ್ರಿಂಕೂ ನಿಲ್ಲದು. ನೀರು, ಉಪ್ಪು, ಬೆಂದು ಮೆತ್ತಗಾದ ಅಕ್ಕಿ, ಸ್ವಲ್ಪ ಕೊಬ್ಬು ಎಲ್ಲ ಒಂದೇ ಬಟ್ಟಲಲ್ಲಿ. ಮೆಂತೆಯಲ್ಲಿರುವ ಗ್ಯಾಲಕ್ಟೊಮನ್ನನ್ ಎಂಬ ಲೋಳೆಯಂಥ ನಾರು ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಹದ ಸರಿಯಿದ್ದರೆ ಒಂದು ಲೋಟ ಬೆಳ್ತಿಗೆ ಅಕ್ಕಿಗೆ ಎರಡು ದೊಡ್ಡ ಚಮಚ ಮೆಂತೆ, ಎಂಟು ಲೋಟ ನೀರು. ಮೆಂತೆ ರಾತ್ರಿಯೇ ನೆನೆದಿರಬೇಕು, ಇಲ್ಲದಿದ್ದರೆ ಕಹಿ ಬಿಡುವುದೂ ಇಲ್ಲ, ಲೋಳೆ ಬರುವುದೂ ಇಲ್ಲ. ತೆಂಗಿನಕಾಯಿಯ ತೆಳು ಹಾಲು ಬೇಯುವಾಗ, ಗಟ್ಟಿ ಹಾಲು ಒಲೆ ಆರಿಸುವ ಮುನ್ನ. ಗಟ್ಟಿ ಹಾಲು ಹಾಕಿದ ಮೇಲೆ ಕುದಿಸಿದರೆ ಒಡೆದು ಎಣ್ಣೆ ತೇಲುತ್ತದೆ. ಅಂಗಡಿಯ ಗಂಜಿಯ ಮೇಲೆ ಎಣ್ಣೆಯ ಹನಿ ತೇಲುತ್ತಿದ್ದರೆ ಅದನ್ನು ಮತ್ತೆ ಮತ್ತೆ ಕುದಿಸಿದ್ದಾರೆ ಎಂದು ತಿಳಿಯಿರಿ. ಮೈದಾ ಕದಡಿ ದಪ್ಪ ಮಾಡಿದ್ದನ್ನೂ ಗುರುತಿಸಬಹುದು: ಚಮಚದಿಂದ ಇಳಿಯುವಾಗ ಅಗುಳು ಕಾಣದೆ ಅಂಟಿನ ಹಾಗೆ ನೂಲುತ್ತದೆ.

ಬೆಂದ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ವಾಂತಿಯಾಗಬಹುದು. ಆದ್ದರಿಂದ ಒಲೆಯ ಮೇಲೆ ಆವಿಯಾಡುತ್ತಿರುವ ಪಾತ್ರೆಯಿಂದ ಮಾತ್ರ ಕೊಳ್ಳಿ. ತೆಳು ಪ್ಲಾಸ್ಟಿಕ್ ಕೊಟ್ಟೆಗೆ ಕುದಿಯುವ ಗಂಜಿ ಸುರಿಯುವ ಅಭ್ಯಾಸಕ್ಕೆ ನಮ್ಮ ಅಂಕ ಸೊನ್ನೆ. ಮನೆಯಿಂದ ಸ್ಟೀಲ್ ಪಾತ್ರೆ ಒಯ್ಯಿರಿ.

ಪಾನೀಯಗಳಲ್ಲಿ ಬೊಂಡಕ್ಕೆ (ಎಳನೀರಿಗೆ) ಮೊದಲ ಸ್ಥಾನ. ಬಹುಪಾಲು ನೀರು, ಸಕ್ಕರೆ ಕಡಿಮೆ, ಪೊಟ್ಯಾಸಿಯಮ್ ಧಾರಾಳ. ಕಿಡ್ನಿ ದುರ್ಬಲವಾಗಿರುವವರಿಗೆ ಮಾತ್ರ ಈ ಪೊಟ್ಯಾಸಿಯಮ್ಮೇ ಅಪಾಯ. ಅವರು ವೈದ್ಯರನ್ನು ಕೇಳದೆ ಬೊಂಡವನ್ನೂ ಖರ್ಜೂರವನ್ನೂ ಮುಟ್ಟಬಾರದು. ಪುನರ್ಪುಳಿ (ಕೋಕಂ) ಎರಡನೆಯದು, ಆದರೆ ಒಣಸಿಪ್ಪೆ ನೆನೆಸಿ ಮಾಡಿದ್ದೋ ಬಾಟಲಿಯ ಸಿರಪ್ಪೋ ಕೇಳಿ. ಸಿಪ್ಪೆಯದ್ದಾದರೆ ಉಪ್ಪು, ಜೀರಿಗೆ ಪುಡಿ ಹಾಕಿಸಿ, ಸಕ್ಕರೆ ಕಮ್ಮಿ ಎನ್ನಿ. ಗುಲಾಬಿ ಬಣ್ಣದ ಸಿರಪ್ಪು ಎರಡು ದೊಡ್ಡ ಚಮಚ ಹಾಕಿದರೆ 20 ಗ್ರಾಂಗೂ ಮಿಕ್ಕಿ ಸಕ್ಕರೆ ಲೋಟಕ್ಕೆ ಇಳಿಯಿತು. ಹಾಲು ಸೇರಿಸಿ, ಕಾಮಕಸ್ತೂರಿ ಬೀಜ ತೇಲಿಸಿದರೂ ಲೆಕ್ಕ ಬದಲಾಗುವುದಿಲ್ಲ. ಐಸ್ ಬಗ್ಗೆ ಒಂದು ಮಾತು. ಮೀನುಗಾರಿಕೆ ದೋಣಿಗಳ ದಕ್ಕೆ ಪಕ್ಕದಲ್ಲೇ ಇದೆ, ಮೀನಿಗೆ ಹಾಕುವ ಐಸ್ ಅಲ್ಲಿ ಟನ್ನುಗಟ್ಟಲೆ ಓಡಾಡುತ್ತದೆ. ತಿನ್ನಲಾಗದ ಐಸ್‌ಗೆ ನೀಲಿ ಬಣ್ಣ ಹಾಕಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲೇ ಹೇಳಿದೆ. ಲೋಟದಲ್ಲಿ ನೀಲಿ ಛಾಯೆ ಕಂಡರೆ ಅಲ್ಲೇ ಚೆಲ್ಲಿ. ದೊಡ್ಡ ಹಲಗೆಯನ್ನು ಗೋಣಿಯ ಮೇಲೆ ಕುಟ್ಟಿ ಹಾಕುವವರ ಬಳಿ ಐಸಿಲ್ಲದೆ ಕೇಳುವುದೇ ಜಾಣತನ. ತೀರಾ ತಣ್ಣನೆಯ ನೀರು ಒಂದೇ ಗುಟುಕಿಗೆ ಕುಡಿದರೆ ಖಾಲಿ ಹೊಟ್ಟೆ ಹಿಡಿದುಕೊಳ್ಳುವುದೂ ಉಂಟು.

ಸಮೋಸ, ಕಟ್ಲೆಟ್, ಬಾಳೆಕಾಯಿ ಪೋಡಿ, ಕೋಳಿ ಕಬಾಬ್. ರುಚಿಗೆ ತಕರಾರಿಲ್ಲ, ಹೊತ್ತಿಗೆ ತಕರಾರು. ನಾಲ್ಕೂವರೆಗೆ ಬಾಣಲೆಗೆ ಹೊಸ ಎಣ್ಣೆ ಬಿದ್ದಿದ್ದರೂ ಆರರ ಹೊತ್ತಿಗೆ ಅದು ಕಪ್ಪುಚಹಾ. ಎಣ್ಣೆ ಕೆಟ್ಟ ಮಟ್ಟವನ್ನು ಅಳೆಯುವ ಒಟ್ಟು ಧ್ರುವೀಯ ಸಂಯುಕ್ತಗಳು ಶೇ. 25 ದಾಟಿದರೆ ಬಳಸಬಾರದೆಂಬ ಕಾನೂನಿದೆ. ಗಿರಾಕಿಯ ಕೈಯಲ್ಲಿ ಮೀಟರ್ ಇಲ್ಲದಿದ್ದರೂ ಕಣ್ಣಿದೆ. ತಿನಿಸು ಹಾಕಿದಾಗ ಎದ್ದ ನೊರೆ ತೆಗೆದ ಮೇಲೂ ಇಳಿಯದಿದ್ದರೆ, ಉರಿ ಹೆಚ್ಚಿಸದೆಯೇ ಹೊಗೆಯಾಡಿದರೆ, ಅಂಚಿನಲ್ಲಿ ಗೋಂದಿನಂಥ ಜಿಡ್ಡು ಕಟ್ಟಿದ್ದರೆ ಮುಂದೆ ನಡೆಯಿರಿ. ಕೊಬ್ಬು ಹೊಟ್ಟೆಯಿಂದ ನಿಧಾನಕ್ಕೆ ಇಳಿಯುವುದರಿಂದ ರಾತ್ರಿಯ ತರಾವೀಹ್ ನಮಾಜಿನಲ್ಲಿ ಬಾಗಿ ಸುಜೂದ್‌ಗೆ (ಹಣೆ ನೆಲಕ್ಕಿಡಲು) ಹೋಗುವಾಗ ಎದೆಯುರಿ, ಹುಳಿತೇಗು. ತಿನ್ನಲೇಬೇಕೆಂದರೆ ಒಂದು, ಅದೂ ಗಂಜಿಯ ನಂತರ.

ಕ್ರಮ ಹೀಗಿದ್ದರೆ ಸಂತೆಯ ಲಾಭ ನಿಮ್ಮದು: ಬಾಂಗ್‌ಗೆ ಖರ್ಜೂರ, ಒಂದು ಲೋಟ ನೀರು. ಎದ್ದು ಮಗ್ರಿಬ್ ಮುಗಿಸಿ. ಆ ಹತ್ತು-ಹದಿನೈದು ನಿಮಿಷದಲ್ಲಿ ಸಕ್ಕರೆ ರಕ್ತಕ್ಕೆ ಸೇರಿ ಹಸಿವಿನ ಹುಚ್ಚು ಇಳಿದಿರುತ್ತದೆ, ಆಮೇಲೆ ಬಟ್ಟಲು ಗಂಜಿ. ಊಟ ತರಾವೀಹ್‌ನ ಆಚೆಗೋ ಈಚೆಗೋ ನಿಮ್ಮ ಅನುಕೂಲ. ನೀರು ಸಹರಿವರೆಗೆ ಎಂಟರಿಂದ ಹತ್ತು ಲೋಟ, ಗಂಟೆಗೊಂದರಂತೆ. ಸಹರಿಗೆ ಗಂಟೆಯಿರುವಾಗ ಒಟ್ಟಿಗೆ ಕುಡಿದರೆ ಮೂತ್ರವಾಗಿ ಹೋಗುತ್ತದೆ.

ಸಹರಿಯ ಪಾರ್ಸೆಲ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಪರೋಟ-ಕೋಳಿ ಮಸಾಲೆ ಮೈದಾ ಮತ್ತು ಉಪ್ಪು. ಹತ್ತು ಗಂಟೆಗೇ ಬಾಯಾರಿಕೆ. ಕುಚ್ಚಲಕ್ಕಿ ಅನ್ನ, ಹೆಸರುಕಾಳು ಗಸಿ, ಒಂದು ಮೊಟ್ಟೆ, ಮೊಸರು ಮನೆಯಲ್ಲೇ ಆಗುತ್ತದೆ. ಒಣಮೀನು ಚಟ್ನಿ, ಉಪ್ಪಿನಕಾಯಿ ಆ ಹೊತ್ತಿಗೆ ಬೇಡ. ಮೊದಲ ವಾರದ ತಲೆನೋವಿಗೆ ಹೆಚ್ಚಾಗಿ ಕಾರಣ ನಿಂತುಹೋದ ಚಹಾ-ಕಾಫಿ. ರಂಜಾನ್‌ಗೆ ಒಂದು ವಾರ ಮೊದಲೇ ದಿನಕ್ಕೊಂದು ಲೋಟ ಕಡಿಮೆ ಮಾಡುತ್ತಾ ಬಂದರೆ ಅದೂ ಇರುವುದಿಲ್ಲ.

ಮಧುಮೇಹಿಗಳು ಈ ಸಂತೆಗೆ ಬರುವ ಮೊದಲು ಔಷಧಿ ಅಂಗಡಿಗೆ ಹೋಗಿ ಗ್ಲೂಕೋಮೀಟರ್ ಪಟ್ಟಿ ಕೊಳ್ಳಬೇಕು. ಇಲ್ಲಿನ ತೇವಕ್ಕೆ ಪಟ್ಟಿ ಬೇಗ ಕೆಡುತ್ತದೆ, ಡಬ್ಬಿಯ ಮುಚ್ಚಳ ಕೂಡಲೇ ಹಾಕಿ, ಫ್ರಿಜ್‌ನಲ್ಲಿಡಬೇಡಿ. ಖರ್ಜೂರ ಮುಟ್ಟಿದ ಬೆರಳನ್ನು ಸೋಪಿನಲ್ಲಿ ತೊಳೆಯದೆ ಚುಚ್ಚಿದರೆ ಬೆರಳಿನ ಸಕ್ಕರೆಯೂ ರಕ್ತದ ಲೆಕ್ಕಕ್ಕೆ ಸೇರಿ ಸುಳ್ಳು ಅಂಕಿ ಬರುತ್ತದೆ. ಸಹರಿಗೆ ಮೊದಲು, ನಡುಹಗಲು, ಅಸರ್ ಹೊತ್ತು, ಇಫ್ತಾರ್ ಆದ ಎರಡು ಗಂಟೆಗೆ ನೋಡಿ. ಅಂಕಿ (ಮಿ.ಗ್ರಾಂ/ಡೆಸಿಲೀಟರ್) 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಬಂದರೆ ನೋಂಬು ಆ ಕ್ಷಣವೇ ಬಿಡಬೇಕು, ಮಗ್ರಿಬ್‌ಗೆ ಹತ್ತೇ ನಿಮಿಷ ಇದ್ದರೂ. ಇಳಿದಿದ್ದರೆ ಮೂರು ಅಜ್ವಾ ಅಥವಾ ಮೂರು ಸಣ್ಣ ಚಮಚ ಸಕ್ಕರೆ ಕದಡಿದ ನೀರು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಮೆಟ್‌ಫಾರ್ಮಿನ್ ಒಂದೇ ಇರುವವರಿಗೆ ಸಕ್ಕರೆ ಇಳಿಯುವ ಭಯ ಕಡಿಮೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆ ಅಥವಾ ಇನ್ಸುಲಿನ್ ಇರುವವರು ರಂಜಾನ್‌ಗೆ ಆರೇಳು ವಾರ ಮೊದಲೇ ವೈದ್ಯರ ಬಳಿ ಪ್ರಮಾಣ, ಹೊತ್ತು ಎರಡನ್ನೂ ಬದಲಿಸಿಕೊಳ್ಳಬೇಕು. ಬೆಳಗಿನ ಮಾತ್ರೆಯನ್ನು ಹಾಗೇ ಸಹರಿಗೆ ನುಂಗುವುದೇ ಮಧ್ಯಾಹ್ನ ಕುಸಿದು ಬೀಳಲು ದೊಡ್ಡ ಕಾರಣ. ಕಾಯಿಲೆಯವರಿಗೂ ಪ್ರಯಾಣಿಕರಿಗೂ ಬೇರೆ ದಿನದ ರಿಯಾಯಿತಿ ಕುರ್‌ಆನ್‌ನ ಎರಡನೇ ಅಧ್ಯಾಯದಲ್ಲೇ ಇದೆ.

ಸಂತೆಗೆ ಹೋಗುವ ಹೊತ್ತು ನಾಲ್ಕೂವರೆಯಿಂದ ಐದು. ಗಂಜಿ ಆಗಷ್ಟೇ ಬೆಂದಿರುತ್ತದೆ, ಖರ್ಜೂರ ಆರಿಸಲು ಅಂಗಡಿಯವನಿಗೂ ತಾಳ್ಮೆ ಇರುತ್ತದೆ. ಆರು ದಾಟಿದರೆ ಬಂದರಿನ ಗಲ್ಲಿಯಲ್ಲಿ ಸ್ಕೂಟರ್ ತಿರುಗಿಸಲೂ ಜಾಗವಿಲ್ಲ.