ಅಂಟಿಕೊಂಡ ಅಪರ್ಚರ್ ಬಿಡಿಸಲು ನಾಲ್ಕು ದಾರಿ: ನಾನು ಮಾಡಿ ನೋಡಿದ್ದು

ನನ್ನ ಹಳೆ ಫಿಲ್ಮ್ ಕ್ಯಾಮೆರಾದಲ್ಲಿ ಬಿಸಿಲಿನಲ್ಲಿ ತೆಗೆದ ನೆಗೆಟಿವ್‌ಗಳೆಲ್ಲ ಕಪ್ಪಗೆ, ದಟ್ಟವಾಗಿ ಬಂದಿದ್ದವು. ಮನೆಯೊಳಗೆ, ಸಂಜೆ ಹೊತ್ತಿನಲ್ಲಿ ತೆಗೆದವು ಮಾತ್ರ ಸರಿಯಾಗಿದ್ದವು. ಬೆಳಕು ಅಳೆಯುವ ಮೀಟರ್ ಕೆಟ್ಟಿದ್ದರೆ ಎರಡೂ ಕೆಡಬೇಕಿತ್ತು, ಅಲ್ವಾ? ಖಾಲಿ ಕ್ಯಾಮೆರಾದ ಹಿಂಬದಿ ಮುಚ್ಚಳ ತೆರೆದೆ. ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ತೂತು. ತೆಳು ಬ್ಲೇಡುಗಳು ಅದನ್ನು ಚಿಕ್ಕದು, ದೊಡ್ಡದು ಮಾಡುತ್ತವೆ; ಸಂಖ್ಯೆ ದೊಡ್ಡದಾದಷ್ಟೂ ತೂತು ಚಿಕ್ಕದು. ಅದರ ರಿಂಗನ್ನು 16ಕ್ಕೆ, ಶಟರನ್ನು ಬಿ ಗೆ (ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವ ಸೆಟ್ಟಿಂಗ್) ಇಟ್ಟು ಒತ್ತಿ ಹಿಡಿದೆ. ಒಳಗಿನ ತೂತು ಪೂರ್ತಿ ತೆರೆದೇ ಇತ್ತು. ಎಫ್/8 ಇರಬೇಕಾದ ಕಡೆ ಎಫ್/1.7 ಇದ್ದರೆ ಫಿಲ್ಮಿನ ಮೇಲೆ ಸುಮಾರು 22 ಪಟ್ಟು ಬೆಳಕು ಬೀಳುತ್ತದೆ. ನೆಗೆಟಿವ್ ಕಪ್ಪಾಗದೆ ಇನ್ನೇನಾಗುತ್ತದೆ?

ಟಾರ್ಚ್ ಹಾಕಿ ನೋಡಿದರೆ ಬ್ಲೇಡುಗಳ ಮೇಲೆ ಎಣ್ಣೆಯ ಹೊಳಪು. ಅದು ಯಾರೋ ಹಾಕಿದ ಎಣ್ಣೆ ಅಲ್ಲ. ಫೋಕಸ್ ಮಾಡಲು ಲೆನ್ಸನ್ನು ಹಿಂದೆ ಮುಂದೆ ಸರಿಸುವ ತಿರುಪು, ಅಂದರೆ ಹೆಲಿಕಾಯ್ಡ್‌ನ ಗ್ರೀಸ್ ವರ್ಷಗಳಾದ ಮೇಲೆ ಒಡೆಯುತ್ತದೆ. ಅದರ ತೆಳು ಎಣ್ಣೆ ಬೇರೆಯಾಗಿ ಮೆಲ್ಲಗೆ ಬ್ಲೇಡಿನವರೆಗೆ ಹರಿದು ಬರುತ್ತದೆ. ಬಿಸಿ ಜಾಗದಲ್ಲಿಟ್ಟ ಕ್ಯಾಮೆರಾದಲ್ಲಿ ಇನ್ನೂ ಬೇಗ.

ಎಣ್ಣೆ ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ಲೈಕಾ ಎಂ3ಗೆ ಹಾಕುವ ಲೆನ್ಸಿನಲ್ಲಿ ಬ್ಲೇಡುಗಳನ್ನು ನಮ್ಮ ಬೆರಳೇ ರಿಂಗಿನ ಮೂಲಕ ನಡೆಸುತ್ತದೆ. ಸ್ವಲ್ಪ ಎಣ್ಣೆ ಇದ್ದರೂ ಅವು ತಿರುಗುತ್ತವೆ. ಕ್ಯಾನೊನೆಟ್ ಕ್ಯೂಎಲ್17 ಜಿ3ಯಂತಹ ಕ್ಯಾಮೆರಾಗಳ ವಿಷಯ ಬೇರೆ. ಅವುಗಳ ಆಟೋ ಸೆಟ್ಟಿಂಗ್‌ನಲ್ಲಿ ಶಟರ್ ವೇಗ ನಮ್ಮದು, ಅಪರ್ಚರ್ ಕ್ಯಾಮೆರಾದ್ದು. ಬಟನ್ ಒತ್ತಿದಾಗ ಮೀಟರಿನ ಮುಳ್ಳು ಎಲ್ಲಿದೆಯೋ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬ್ಲೇಡು ಎಷ್ಟು ಮುಚ್ಚಬೇಕು ಎನ್ನುವುದು ಅದರಿಂದ ನಿರ್ಧಾರವಾಗುತ್ತದೆ. ಇಂಥ ಕಡೆ ಬ್ಲೇಡು ನಡೆಸುವ ಸ್ಪ್ರಿಂಗ್ ತುಂಬ ಮೃದು. ಒಂದು ಹನಿಯಷ್ಟು ಎಣ್ಣೆಯೂ ಅದನ್ನು ಸೋಲಿಸುತ್ತದೆ.

ನನ್ನ ಹತ್ತಿರ ಒಂದೇ ಮಾದರಿಯ ಎರಡು ಹಳೆ ರೇಂಜ್‌ಫೈಂಡರ್ (ಕಿಂಡಿಯಲ್ಲಿ ಎರಡು ಚಿತ್ರ ಒಂದಾಗುವಂತೆ ನೋಡಿ ಫೋಕಸ್ ಮಾಡುವ ಕ್ಯಾಮೆರಾ) ಇದ್ದವು. ಎರಡಕ್ಕೂ ಇದೇ ತೊಂದರೆ. ಹಾಗಾಗಿ ಒಂದೊಂದು ದಾರಿಯನ್ನೂ ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು.

ಮೊದಲು ಏನೂ ಬಿಚ್ಚದೆ, ರಿಂಗ್ ತಿರುಗಿಸುತ್ತಾ ಶಟರ್ ಒತ್ತುತ್ತಾ ಕೂತೆ. ನೂರು ಸಲ ಆದ ಮೇಲೆ ಬ್ಲೇಡು ಅಲ್ಲಾಡಿತು. ಮಾರನೇ ದಿನ ಮತ್ತೆ ಅಂಟಿತ್ತು. ಎಣ್ಣೆ ಒಳಗೇ ಇದ್ದು ಇನ್ನಷ್ಟು ಸವರಿಕೊಂಡಿತು, ಅಷ್ಟೇ.

ಎರಡನೆಯದು ಐಸೊಪ್ರೊಪೈಲ್ ಆಲ್ಕೋಹಾಲ್. 99 ಪರ್ಸೆಂಟಿನದ್ದನ್ನೇ ಬಳಸಿದೆ. 70ರದ್ದು ಬೇಡವೇ ಬೇಡ, ಅದರಲ್ಲಿರುವ ನೀರು ಉಕ್ಕಿನ ಬ್ಲೇಡಿಗೆ ತುಕ್ಕು ತರುತ್ತದೆ. ಗಾಜು ಒರೆಸಲು ಇದು ಒಳ್ಳೆಯದು. ಗ್ರೀಸಿನಿಂದ ಬಂದ ಎಣ್ಣೆಯ ಮೇಲೆ ಮಾತ್ರ ಇದರ ಆಟ ಜಾಸ್ತಿ ನಡೆಯಲಿಲ್ಲ. ಅಸಿಟೋನ್ ಕಡೆಗಂತೂ ಕೈ ಚಾಚಲಿಲ್ಲ. ಪೇಂಟ್, ಪ್ಲಾಸ್ಟಿಕ್ ಎರಡನ್ನೂ ತಿನ್ನುತ್ತದೆ.

ಮೂರನೆಯದು ಲೈಟರ್ ಫ್ಲೂಯಿಡ್, ಅಂದರೆ ನ್ಯಾಫ್ತಾ. ಹೆಚ್ಚಿನವರು ಹೇಳುವುದು ಇದನ್ನೇ, ನನಗೆ ಹೆಚ್ಚು ಪಾಠ ಕಲಿಸಿದ್ದೂ ಇದೇ. ಇದನ್ನು ಎರಡು ರೀತಿ ಮಾಡಿದೆ, ಫಲ ಪೂರ್ತಿ ಬೇರೆ ಬೇರೆ ಬಂತು.

ಮೊದಲ ಕ್ಯಾಮೆರಾದಲ್ಲಿ ಲೆನ್ಸಿನ ಹೆಸರು ಬರೆದ ರಿಂಗನ್ನು ರಬ್ಬರ್ ಒತ್ತಿ ತಿರುಗಿಸಿ ತೆಗೆದೆ. ಸ್ಪ್ಯಾನರಿನಿಂದ ಮುಂದಿನ ಗಾಜಿನ ಗುಂಪು ಬಿಚ್ಚಿದೆ. ಕೇಬಲ್ ರಿಲೀಸ್ ಹಾಕಿ ಶಟರನ್ನು ಬಿ ನಲ್ಲಿ ತೆರೆದಿಟ್ಟು, ನಾಲ್ಕೈದು ಹನಿ ಬಿಟ್ಟೆ. ಒಂದೇ ನಿಮಿಷದಲ್ಲಿ ಬ್ಲೇಡು ಟಕ್ ಟಕ್ ಎಂದು ಓಡಾಡಿತು. ತುಂಬ ಖುಷಿಯಾಯಿತು. ಮೂರು ದಿನ ಬಿಟ್ಟು ನೋಡಿದರೆ ಮತ್ತೆ ನಿಧಾನ. ನ್ಯಾಫ್ತಾ ಆರಿ ಹೋಗುತ್ತದೆ, ಅದರಲ್ಲಿ ಕರಗಿದ ಎಣ್ಣೆ ಆರುವುದಿಲ್ಲ. ಅದು ಬ್ಲೇಡಿನ ಅಂಚಿಗೆ, ಪಿನ್ನುಗಳ ಬುಡಕ್ಕೆ ಸರಿದು ಕೂತು, ಆಮೇಲೆ ವಾಪಸ್ ಬರುತ್ತದೆ. ನಾಲ್ಕು ಸಲ ಹೀಗೇ ಮಾಡಿದೆ. ಕೊನೆಗೆ ಹಿಂದಿನ ಗಾಜಿನ ಒಳಮೈ ಮೇಲೆ ಮಂಜಿನಂಥ ಪೊರೆ ಕಟ್ಟಿತು.

ಎರಡನೇ ಕ್ಯಾಮೆರಾದಲ್ಲಿ ಮುಂದಿನ ಗಾಜು, ಹಿಂದಿನ ಗಾಜು ಎರಡನ್ನೂ ಮೊದಲೇ ತೆಗೆದಿಟ್ಟೆ. ಹನಿ ಬಿಡಲಿಲ್ಲ. ಸಣ್ಣ ಬ್ರಷ್ಷನ್ನು ನ್ಯಾಫ್ತಾದಲ್ಲಿ ಅದ್ದಿ, ಒತ್ತಿ ಒಣಗಿಸಿ, ಬ್ಲೇಡಿನ ಮೇಲೆ ಮುಟ್ಟಿಸಿದೆ. ಅದು ಆರುವ ಮೊದಲೇ ಮಡಿಸಿದ ಲೆನ್ಸ್ ಟಿಶ್ಯೂವನ್ನು ಚಿಮಟದಲ್ಲಿ ಹಿಡಿದು ಹೀರಿಸಿದೆ. ಟಿಶ್ಯೂ ಮೇಲೆ ಕಂದು ಕಲೆ. ಬ್ಲೇಡು ತೆರೆದು, ಮುಚ್ಚಿ, ಎರಡೂ ಬದಿಯಿಂದ ಮತ್ತೆ ಹಾಗೇ. ಆರನೇ ಸುತ್ತಿಗೆ ಟಿಶ್ಯೂ ಬೆಳ್ಳಗೆ ಬಂತು. ಹತ್ತಿ ಬಳಸಬೇಡಿ, ಎಳೆ ಬಿಟ್ಟುಹೋಗುತ್ತದೆ. ಬ್ಲೇಡನ್ನು ಒತ್ತಲೂಬೇಡಿ, ಕಾಗದದಷ್ಟು ತೆಳು ಅವು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು. ಈ ಕೆಲಸಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಎಂಟು ತಿಂಗಳಾಯಿತು, ಆ ಅಪರ್ಚರ್ ಒಂದು ಸಲವೂ ತಡವರಿಸಿಲ್ಲ.

ನಾಲ್ಕನೆಯ ದಾರಿ ಬ್ಲೇಡುಗಳನ್ನೇ ಹೊರಗೆ ತೆಗೆಯುವುದು. ಮೊದಲ ಕ್ಯಾಮೆರಾಕ್ಕೆ ಬೇರೆ ದಾರಿ ಉಳಿದಿರಲಿಲ್ಲ. ಪ್ರತಿ ಬ್ಲೇಡಿನ ಎರಡು ತುದಿಗೆ ಎರಡು ಪಿನ್, ಒಂದು ಮೇಲ್ಮುಖ, ಒಂದು ಕೆಳಮುಖ. ಒಂದು ಪಿನ್ ತೂತಿನಲ್ಲಿ ಕೂರುತ್ತದೆ, ಇನ್ನೊಂದು ತಿರುಗುವ ರಿಂಗಿನ ಸೀಳಿನಲ್ಲಿ ಓಡುತ್ತದೆ. ತೆಗೆಯುವುದು ಹತ್ತು ನಿಮಿಷ. ಒರೆಸಿ ಜೋಡಿಸುವುದು ಎರಡು ಸಂಜೆ. ಕೊನೆಯ ಬ್ಲೇಡಿನ ತುದಿ ಮೊದಲ ಬ್ಲೇಡಿನ ಅಡಿಗೆ ಹೋಗಬೇಕು. ಅದನ್ನು ತೂರಿಸುವಾಗ ಉಳಿದವು ಜಾರುತ್ತವೆ. ಮೂರು ಸಲ ಮೊದಲಿನಿಂದ ಶುರು ಮಾಡಿದೆ.

ಇನ್ನೊಂದು ಬೆಲೆಯೂ ಇದೆ. ಅಷ್ಟು ಒಳಗೆ ಹೋಗಲು ಲೆನ್ಸನ್ನು ಕ್ಯಾಮೆರಾದಿಂದಲೇ ಕಳಚಿದ್ದೆ. ಹೆಲಿಕಾಯ್ಡ್ ಕೂಡ ಬಿಚ್ಚಿದ್ದೆ. ಅದಕ್ಕೆ ಹಲವು ಕಡೆಯಿಂದ ಶುರುವಾಗುವ ತಿರುಪಿನ ಸುತ್ತು (ಥ್ರೆಡ್) ಇರುತ್ತದೆ. ಯಾವ ಜಾಗದಲ್ಲಿ ಬಿಟ್ಟುಕೊಂಡಿತು ಎಂದು ಗೀರು ಹಾಕಿಕೊಳ್ಳದಿದ್ದರೆ ಇನ್ಫಿನಿಟಿ, ಅಂದರೆ ತೀರ ದೂರದ ವಸ್ತುವಿನ ಫೋಕಸ್, ತಪ್ಪುತ್ತದೆ. ಗುರುತು ಹಾಕಿಕೊಂಡಿದ್ದರೂ ನಾನು ಪರೀಕ್ಷೆ ಮಾಡಿದೆ. ಫಿಲ್ಮ್ ಕೂರುವ ಕಂಬಿಗಳ ಮೇಲೆ ಮಬ್ಬು ಟೇಪ್ ಎಳೆದು ಅಂಟಿಸಿ, ಶಟರ್ ತೆರೆದಿಟ್ಟು, ದೂರದ ಗೋಪುರವನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಸರಿ ಮಾಡಿದೆ.

ಚೊಕ್ಕಟತನದಲ್ಲಿ ಈ ನಾಲ್ಕನೆಯದನ್ನು ಮೀರಿಸುವುದು ಯಾವುದೂ ಇಲ್ಲ. ಆದರೂ ಇನ್ನೊಂದು ಕ್ಯಾಮೆರಾ ಕೈಗೆ ಬಂದರೆ ನಾನು ಹಿಡಿಯುವುದು ಬ್ರಷ್ಷು, ಟಿಶ್ಯೂ. ಬ್ಲೇಡಿಗೆ ತುಕ್ಕು ಹಿಡಿದಿದ್ದರೆ, ಒಂದು ಪಿನ್ ಕಳಚಿದ್ದರೆ, ಆಗ ಮಾತ್ರ ಪೂರ್ತಿ ಬಿಚ್ಚುತ್ತೇನೆ. ಯಾವ ದಾರಿ ಹಿಡಿದರೂ ಕೊನೆಗೆ ಬ್ಲೇಡಿಗೆ ಎಣ್ಣೆ ಹಾಕಬೇಡಿ. ಅವು ಒಣಗಿಯೇ ಓಡಬೇಕು. ಗ್ರಾಫೈಟ್ ಪುಡಿ ಹಾಕುವವರೂ ಇದ್ದಾರೆ. ಆ ಪುಡಿ ಗಾಜಿನ ಮೇಲೆ ಬೀಳುವುದನ್ನು ನೆನೆದರೇ ನನಗೆ ಬೇಡ ಅನಿಸುತ್ತದೆ.

ಮೊದಲ ಕ್ಯಾಮೆರಾಕ್ಕೆ ಹೊಸ ಗ್ರೀಸ್ ಹಾಕಿ ಮುಚ್ಚಿದ್ದೇನೆ. ಎರಡನೆಯದರ ಹೆಲಿಕಾಯ್ಡ್‌ನಲ್ಲಿ ಹಳೆಯದೇ ಇದೆ. ಹಾಗಾಗಿ ಅದನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡುವುದಿಲ್ಲ. ರೋಲ್ ಮುಗಿದಾಗಲೆಲ್ಲ, ಹೊಸದು ಹಾಕುವ ಮೊದಲು, ಶಟರನ್ನು 1/4 ಸೆಕೆಂಡಿಗೆ ಇಡುತ್ತೇನೆ. ಆಟೋ ಸೆಟ್ಟಿಂಗ್‌ನಲ್ಲಿ ಒಮ್ಮೆ ಕಿಟಕಿಯ ಕಡೆ, ಒಮ್ಮೆ ಗೋಡೆಯ ನೆರಳಿನ ಕಡೆ ತಿರುಗಿಸಿ ಹಿಂದಿನಿಂದ ನೋಡುತ್ತೇನೆ. ಕಿಟಕಿಗೆ ತೂತು ಚಿಕ್ಕದಾಗಬೇಕು, ನೆರಳಿಗೆ ದೊಡ್ಡದಾಗಬೇಕು. ಎರಡೂ ಸರಿ ಇದ್ದರೆ ಫಿಲ್ಮ್ ಹಾಕುತ್ತೇನೆ.